ರಾತ್ರಿ ಎಬ್ಬಿಸುವ ಮಗುವಿನ ಬಗ್ಗೆ ನನಗೆ ಚಿಂತೆಯಿಲ್ಲ

"ಜಾಣ ಮಗು ಡಾಕ್ಟರೇ, ಅಳುವುದೇ ಇಲ್ಲ. ಒಮ್ಮೆ ಮಲಗಿಸಿದರೆ ಐದು ಗಂಟೆ ಅಲ್ಲಾಡುವುದಿಲ್ಲ." ಒಂಬತ್ತು ದಿನದ ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿಯ ದನಿಯಲ್ಲಿ ಹೆಮ್ಮೆಯಿತ್ತು. ಅವರು ಬಂದದ್ದು ಹೊಕ್ಕುಳು ಇನ್ನೂ ಒಣಗಿಲ್ಲವೆಂದು ತೋರಿಸಲು. ಹೊಕ್ಕುಳು ಚೆನ್ನಾಗಿಯೇ ಇತ್ತು. ಮಗುವನ್ನು ತೂಕದ ಯಂತ್ರದ ಮೇಲಿಟ್ಟಾಗ ನನ್ನ ಎದೆ ಧಸಕ್ಕೆಂದಿತು. ಹುಟ್ಟಿದಾಗ 2.9 ಕೆ.ಜಿ. ಇದ್ದದ್ದು 2.5ಕ್ಕೆ ಇಳಿದಿತ್ತು. ಕಣ್ಣಿನ ಬಿಳಿಯ ಭಾಗ ಅರಿಸಿನ ಬಣ್ಣಕ್ಕೆ ತಿರುಗಿತ್ತು. ದಿನಕ್ಕೆ ಎಷ್ಟು ಸಲ ಮೂತ್ರ ಮಾಡುತ್ತದೆ ಎಂದು ಕೇಳಿದರೆ, "ಎರಡು ಸಲ ಇರಬಹುದು" ಎಂದಳು ತಾಯಿ.

ಆ ಮಗು ಜಾಣತನದಿಂದ ಮಲಗಿರಲಿಲ್ಲ, ಎದ್ದು ಅಳುವ ಶಕ್ತಿ ಇಲ್ಲದೆ ಮಲಗಿತ್ತು. ಹಾಲು ಸಾಲದೆ ಕಾಮಾಲೆ ಹೆಚ್ಚಿತು, ಕಾಮಾಲೆಯಿಂದ ಮಂಪರು ಬಂತು, ಮಂಪರಿನಿಂದ ಹಾಲು ಇನ್ನೂ ಕಡಿಮೆಯಾಯಿತು. ಎರಡು ದಿನ ದಾಖಲಿಸಿ, ನೀಲಿ ಬೆಳಕಿನಡಿ ಮಲಗಿಸಿ, ತಾಯಿಯ ಹಾಲನ್ನೇ ಹಿಂಡಿ ಎರಡು ಗಂಟೆಗೊಮ್ಮೆ ಒಳಲೆಯಲ್ಲಿ ಕುಡಿಸಿದೆವು. ಇಪ್ಪತ್ತೆರಡನೇ ದಿನ ಮತ್ತೆ ಬಂದಾಗ ತೂಕ 2.95. ಅಜ್ಜಿಯ ಮುಖ ಮಾತ್ರ ಬಾಡಿತ್ತು: "ಅದೇನು ಮಾಡಿದಿರೋ ಡಾಕ್ಟರೇ, ಈಗ ರಾತ್ರಿಯೆಲ್ಲ ನಮ್ಮನ್ನು ಕೂರಿಸುತ್ತದೆ!"

ಹೊಸದಾಗಿ ತಂದೆತಾಯಿಯಾದವರು ನನ್ನ ಬಳಿ ತರುವ ದೂರುಗಳಲ್ಲಿ ಮೊದಲನೆಯದು ಇದೇ. ಹಗಲು ಮಲಗುತ್ತದೆ, ರಾತ್ರಿ ಎದ್ದಿರುತ್ತದೆ, ಏನಾದರೂ ಡ್ರಾಪ್ಸ್ ಬರೆದುಕೊಡಿ ಎನ್ನುತ್ತಾರೆ. ನಾನು ಡ್ರಾಪ್ಸ್ ಬರೆಯುವುದಿಲ್ಲ, ಮಗುವನ್ನು ತೂಗುತ್ತೇನೆ. ಮೊದಲ ನಾಲ್ಕೈದು ದಿನ ತೂಕ ಸ್ವಲ್ಪ ಇಳಿಯುವುದು ಸಹಜ. ಹತ್ತು ಶೇಕಡಾ ಮುಟ್ಟಿದರೆ ಸುಮ್ಮನಿರುವಂತಿಲ್ಲ. ಎರಡು ವಾರ ತುಂಬುವ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬಂದಿರಬೇಕು. ಅಲ್ಲಿಂದ ಮುಂದೆ ದಿನಕ್ಕೆ 25ರಿಂದ 30 ಗ್ರಾಂ ಏರುತ್ತಾ, ಆರು ಸಲಕ್ಕೆ ಕಡಿಮೆಯಿಲ್ಲದಂತೆ ಮೂತ್ರ ಮಾಡುತ್ತಿದ್ದರೆ, ರಾತ್ರಿ ಮೂರು ಸಲ ಎದ್ದರೂ ನಾಲ್ಕು ಸಲ ಎದ್ದರೂ ನನಗೆ ಆ ಮಗುವಿನ ಚಿಂತೆಯಿಲ್ಲ. ತಾಯಿಯ ಚಿಂತೆ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಅಷ್ಟು ನಿದ್ದೆಯಿದ್ದೂ ಮನೆಯವರಿಗೆ ನಿದ್ದೆಯಿಲ್ಲವೇಕೆಂದರೆ, ಅದು ಚೂರುಚೂರಾಗಿ ಬರುತ್ತದೆ: ಒಮ್ಮೆ ಮುಕ್ಕಾಲು ಗಂಟೆ, ಒಮ್ಮೆ ಎರಡು, ಪುಣ್ಯವಿದ್ದರೆ ಮೂರು. ಮೊದಲ ದಿನ ಅದರ ಹೊಟ್ಟೆ ಹಿಡಿಸುವುದು ಕೆಲವೇ ಚಮಚೆ ಹಾಲನ್ನು; ವಾರ ಕಳೆದರೂ 45ರಿಂದ 60 ಮಿಲಿಲೀಟರ್. ಎದೆಹಾಲು ಬೇಗ ಅರಗುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಕುಡಿಯಬೇಕಾದ ಜೀವ ರಾತ್ರಿಯನ್ನು ಲೆಕ್ಕದಿಂದ ಬಿಡುವುದಾದರೂ ಹೇಗೆ?

ಇನ್ನು ಹಗಲು-ರಾತ್ರಿ ತಲೆಕೆಳಗಾಗಿದೆ ಎಂಬ ಮಾತು. ತಲೆಕೆಳಗಾಗಲು ಮೊದಲು ಸರಿಯಾಗಿ ಇದ್ದಿರಬೇಕಲ್ಲ! ಕತ್ತಲಾದಾಗ ಮಿದುಳಿನಲ್ಲಿ ಸ್ರವಿಸಿ ನಿದ್ದೆಗೆ ಕರೆಯುವ ಮೆಲಟೋನಿನ್ ಗರ್ಭದಲ್ಲಿರುವಾಗ ತಾಯಿಯಿಂದಲೇ ಸಿಗುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಸರಬರಾಜು ನಿಂತಿತು. ತನ್ನದೇ ಲಯ ಹುಟ್ಟಲು ಎರಡು-ಮೂರು ತಿಂಗಳು ಬೇಕು. ತಾಯಿ ಹಗಲಿಡೀ ಓಡಾಡುವಾಗ ಸುಮ್ಮನಿದ್ದು, ರಾತ್ರಿ ಮೈ ಚೆಲ್ಲಿದೊಡನೆ ಒದೆಯಲು ಶುರುಮಾಡುತ್ತಿತ್ತು ಎಂಬುದು ಬಸುರಿಯಾಗಿದ್ದವರಿಗೆಲ್ಲ ನೆನಪಿರುತ್ತದೆ. ಹೊರಗೆ ಬಂದ ಮೇಲೂ ಅದೇ ರೂಢಿ ಮುಂದುವರಿದರೆ ಬೈಯುವುದು ಯಾರನ್ನು?

ನಮ್ಮ ಬಾಣಂತನದ ಕೋಣೆಯೂ ಇದಕ್ಕೆ ಕೈಜೋಡಿಸುತ್ತದೆ. ತವರುಮನೆಯ ಆ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಶೀತ ತಗಲುತ್ತದೆಂದು ಹಗಲಿಡೀ ಕಿಟಕಿ ಮುಚ್ಚಿ, ಪರದೆ ಎಳೆದು ಕತ್ತಲು. ರಾತ್ರಿ ಮಗುವನ್ನು ನೋಡಿಕೊಳ್ಳಬೇಕೆಂದು ಟ್ಯೂಬ್‌ಲೈಟ್ ಬೆಳಕು. ಬೆಳಿಗ್ಗೆ ಎಣ್ಣೆ ತೀಡಿ, ಬಿಸಿನೀರು ಹುಯ್ದು, ಬಿಗಿಯಾಗಿ ಸುತ್ತಿ ಮಲಗಿಸಿದರೆ ಮಗು ಮಧ್ಯಾಹ್ನದವರೆಗೆ ಏಳುವುದಿಲ್ಲ. "ಎಂಥ ನಿದ್ದೆ!" ಎಂದು ಎಲ್ಲರೂ ಪಿಸುಮಾತಿನಲ್ಲಿ ಸಂತೋಷಪಡುತ್ತಾರೆ. ಹಗಲು ತಪ್ಪಿದ ಆ ಎರಡು ಊಟವನ್ನು ಮಗು ರಾತ್ರಿ ವಸೂಲಿ ಮಾಡುತ್ತದೆ.

ಎಣ್ಣೆಸ್ನಾನ ಬೇಡವೆಂದು ನಾನು ಹೇಳುವುದಿಲ್ಲ; ಹಿತವಾಗಿ ಮೈ ನೀವಿಸಿಕೊಳ್ಳುವುದು ಯಾರಿಗೆ ಬೇಡ? ಕಿಟಕಿ ತೆರೆಯಿರಿ, ಮಗು ಹಗಲು ಬೆಳಕಿನಲ್ಲಿ, ಮನೆಯ ಸದ್ದಿನ ನಡುವೆಯೇ ಮಲಗಲಿ, ಮೂರು ಗಂಟೆ ದಾಟಿದರೆ ಎಬ್ಬಿಸಿ ಹಾಲು ಕೊಡಿ ಎನ್ನುತ್ತೇನೆ. ಬಟ್ಟೆ ಸಡಿಲಿಸಿ, ಅಂಗಾಲು ತೀಡಿದರೆ ಏಳುತ್ತದೆ. ರಾತ್ರಿ ಮಾತ್ರ ಎಲ್ಲವೂ ಬೇಸರ ಹುಟ್ಟಿಸುವಂತಿರಬೇಕು: ಮಂದ ದೀಪ, ಮಾತಿಲ್ಲ, ಆಟವಿಲ್ಲ, ಒದ್ದೆಯಾಗದಿದ್ದರೆ ಬಟ್ಟೆ ಬದಲಿಸುವ ಗಡಿಬಿಡಿಯೂ ಇಲ್ಲ. ಇದರಿಂದ ನಾಳೆಯೇ ಏನೂ ಆಗುವುದಿಲ್ಲ. ಆರೆಂಟು ವಾರಗಳಲ್ಲಿ ರಾತ್ರಿಯ ನಿದ್ದೆಯ ಚೂರುಗಳು ನಿಧಾನವಾಗಿ ಉದ್ದವಾಗುತ್ತವೆ.

ಮಗು ಎದ್ದಿದೆ ಎಂದು ನಾವು ಅಂದುಕೊಳ್ಳುವಾಗಲೆಲ್ಲ ಅದು ಎದ್ದಿರುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ, ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನು ವರದಿ ಮಾಡಿದರು. ದೊಡ್ಡವರ ನಿದ್ದೆಯಲ್ಲಿ ಈ ಹಂತ ಸುಮಾರು ಕಾಲುಭಾಗ, ಹಸುಗೂಸಿನಲ್ಲಿ ಅರ್ಧದಷ್ಟು. ಆಗ ಅದು ಮುಲುಕುತ್ತದೆ, ತುಟಿ ಸೊಟ್ಟ ಮಾಡುತ್ತದೆ, ಉಸಿರು ಏರುಪೇರಾಗುತ್ತದೆ, ಕೆಲವೊಮ್ಮೆ ನಗುತ್ತದೆ. ದೇವರು ಆಡಿಸುತ್ತಿದ್ದಾನೆ ಎಂದು ನಮ್ಮ ಹಿರಿಯರು ಹೇಳುವುದು ಈ ಗಳಿಗೆಯನ್ನೇ. ದೇವರು ಆಡಿಸುತ್ತಿರುವಾಗ ನಾವು ನಡುವೆ ಹೋಗಿ ಎತ್ತಿಕೊಂಡರೆ ನಿಜವಾಗಿಯೂ ಎಚ್ಚರವಾಗುತ್ತದೆ. ಒಂದೆರಡು ನಿಮಿಷ ಕಾದು ನೋಡಿ. ಹಸಿವಾಗಿದ್ದರೆ ತಲೆ ಅತ್ತಿತ್ತ ತಿರುಗಿಸಿ ಮೊಲೆ ಹುಡುಕುತ್ತದೆ, ಮುಷ್ಟಿಯನ್ನು ಬಾಯಿಗೊಯ್ಯುತ್ತದೆ. ಹಾಲೂಡಿಸುವ ಹೊತ್ತು ಅದು. ಅಳು ಕೊನೆಯ ಸೂಚನೆ. ಅಳುವವರೆಗೆ ಕಾದರೆ ಮೊಲೆ ಹಿಡಿಸಲು ಹೆಣಗಾಡಬೇಕಾಗುತ್ತದೆ.

ಸಂಜೆ ಏಳರಿಂದ ಹತ್ತರವರೆಗೆ ಅರ್ಧ ಗಂಟೆಗೊಮ್ಮೆ ಹಾಲು ಕೇಳುವುದು ಎಳೆ ಮಕ್ಕಳಲ್ಲಿ ತೀರ ಸಾಮಾನ್ಯ. ಎಷ್ಟೋ ಮನೆಗಳಿಗೆ ಡಬ್ಬಿ ಹಾಲು ಬರುವುದು ಈ ಹೊತ್ತಿನಲ್ಲಿ. "ಹಾಲು ಸಾಲುತ್ತಿಲ್ಲ" ಎಂದು ಯಾರೋ ಅನ್ನುತ್ತಾರೆ. ಅತ್ತೆ, ಪಕ್ಕದ ಮನೆಯವರು, ಫೋನಿನಲ್ಲಿ ಚಿಕ್ಕಮ್ಮ, ಯಾರಾದರೂ ಆಗಬಹುದು. ರಾತ್ರಿ ಒಂದು ಬಾಟಲಿ ಕೊಟ್ಟರೆ ಮಗು ಮಲಗುತ್ತದೆ, ನಿಜ. ಆದರೆ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು, ಮಗು ಚೀಪಿದಷ್ಟೂ ಅದು ಏರುತ್ತದೆ. ರಾತ್ರಿ ಎದೆ ಬರಿದಾಗದಿದ್ದರೆ ಹಾಲು ಬೇಡವೆಂಬ ಸಂದೇಶ ಹೋಗಿ, ವಾರದೊಳಗೆ ಹಾಲು ನಿಜವಾಗಿಯೂ ಸಾಲದಂತಾಗುತ್ತದೆ. ಶಿಶು ಆಹಾರದ ಜಾಹೀರಾತನ್ನೇ ನಿಷೇಧಿಸಿ ನಮ್ಮ ದೇಶ 1992ರಲ್ಲಿ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ. ಡಬ್ಬಿ ಹಾಲು ಬೇಕೇ ಬೇಕಾಗುವ ಮಕ್ಕಳೂ ಇದ್ದಾರೆ. ಅದನ್ನು ತೂಕ ನೋಡಿ ಹೇಳಬೇಕೇ ಹೊರತು ಸಂಜೆಯ ಅಳು ಕೇಳಿ ಅಲ್ಲ.

ನಿದ್ದೆಗೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು ಬೇಡ, ಅದು ಮಂಪರು ತರಿಸುವ ವಸ್ತು. ಜೇನುತುಪ್ಪ ಒಂದು ವರ್ಷದವರೆಗೆ ಬೇಡವೇ ಬೇಡ, ಬಾಟ್ಯುಲಿಸಂ ಎಂಬ ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ಕಾಯಿಲೆಯ ಅಪಾಯವಿದೆ. ಗ್ರೈಪ್ ವಾಟರ್‌ನಿಂದ ಸಿಗುವುದು ಮನೆಯವರಿಗೆ ಸಮಾಧಾನ ಅಷ್ಟೆ.

ಮಲಗಿಸುವ ಬಗೆಯಲ್ಲಿ ನಾನು ಹಟ ಹಿಡಿಯುವ ವಿಷಯ ಒಂದೇ: ಬೆನ್ನ ಮೇಲೆ, ಗಟ್ಟಿ ಹಾಸಿಗೆಯಲ್ಲಿ, ಮುಖದ ಹತ್ತಿರ ಏನೂ ಇಲ್ಲದಂತೆ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಪಕ್ಕದ ಪುಟ್ಟ ದಿಂಬುಗಳು, ಮುಚ್ಚಿದ ಕೋಣೆಯ ಸಾಂಬ್ರಾಣಿ ಹೊಗೆ ಎಲ್ಲವೂ ಹೊರಗಿರಲಿ. ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಬೆನ್ನ ಮೇಲೆ ಮಲಗಿಸುವ ಅಭಿಯಾನ ಶುರುವಾದ ಮೇಲೆ ಶಿಶುಗಳ ಹಠಾತ್ ಸಾವುಗಳು ಅರ್ಧಕ್ಕೂ ಕೆಳಗಿಳಿದವು. ಅಲ್ಲಿರುವ ನಮ್ಮ ಹುಡುಗಿಯರು ಫೋನ್ ಮಾಡಿ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಇಲ್ಲಿನ ವೈದ್ಯರು ಬೈಯುತ್ತಾರೆ, ಬೇರೆ ಮಲಗಿಸಿದರೆ ಅಮ್ಮ ಬೈಯುತ್ತಾರೆ ಎನ್ನುತ್ತಾರೆ. ನನ್ನ ಉತ್ತರ: ಅದೇ ಕೋಣೆ, ಕೈಗೆಟಕುವ ದೂರದಲ್ಲಿ ಬೇರೆ ಹಾಸಿಗೆ ಅಥವಾ ತೊಟ್ಟಿಲು. ನಮ್ಮಲ್ಲಿ ಹೆಚ್ಚಿನ ತಾಯಂದಿರು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾರೆಂದು ಗೊತ್ತು, ಹಾಗಾಗಿ ಕಟ್ಟುನಿಟ್ಟು ಇಷ್ಟು: ತಿಂಗಳು ತುಂಬದೆ ಹುಟ್ಟಿದ ಅಥವಾ ಕಡಿಮೆ ತೂಕದ ಮಗುವಾದರೆ ಬೇಡ, ಸಿಗರೇಟು ಸೇದುವವರು ಅಥವಾ ಕುಡಿದವರು ಆ ಹಾಸಿಗೆಯಲ್ಲಿ ಬೇಡ, ಸೋಫಾದಲ್ಲಿ ಮಗುವನ್ನು ಎದೆಗವಚಿಕೊಂಡು ನಿದ್ದೆಹೋಗುವುದು ಎಂದಿಗೂ ಬೇಡ.

ಈಗ ತಾಯಿ. ಹಾಲೂಡಿಸುವುದನ್ನು ಬಿಟ್ಟರೆ ರಾತ್ರಿಯ ಉಳಿದ ಕೆಲಸವೆಲ್ಲ ಬೇರೆಯವರು ಮಾಡಬಹುದಾದದ್ದೇ. ತೇಗು ತರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡುವುದು. ಇದನ್ನು ಹೇಳುವಾಗ ನಾನು ತಂದೆಯ ಕಡೆ ನೋಡುತ್ತೇನೆ. ಅವರು ಸಾಮಾನ್ಯವಾಗಿ ಮೊಬೈಲ್ ನೋಡುತ್ತಿರುತ್ತಾರೆ. ತವರಿನ ಬಾಣಂತನದಲ್ಲಂತೂ ಅವರು ಬರುವುದು ವಾರಕ್ಕೊಮ್ಮೆ, ನೆಂಟರ ಹಾಗೆ. ಬಂದ ರಾತ್ರಿಯಾದರೂ ಎದ್ದಿರಲಿ.

ಹೊರಡುವ ಮುನ್ನ ಪ್ರತಿ ಬಾಣಂತಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದೆಯೇನಮ್ಮ?" ಬಿದ್ದಲ್ಲೇ ನಿದ್ದೆ ಎಂದು ನಕ್ಕರೆ ನಾನೂ ನಗುತ್ತೇನೆ. ಮನೆಯವರೇ ಮಗುವನ್ನು ನೋಡಿಕೊಂಡರೂ ಕಣ್ಣು ಮುಚ್ಚಲಾಗುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಮಗುವಿನ ಮೇಲೆ ಮನಸ್ಸೇ ಬರುತ್ತಿಲ್ಲ ಎಂದರೆ, ಮತ್ತು ಅದು ಎರಡು ವಾರ ದಾಟಿದ್ದರೆ, ಅದು ಬಾಣಂತಿ ಖಿನ್ನತೆ ಇರಬಹುದು. ಇದಕ್ಕೆ ಹಾಲು ನಿಲ್ಲಿಸದೆಯೇ ಕೊಡಬಹುದಾದ ಚಿಕಿತ್ಸೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಘಟಕವಿದೆ. ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಕೆಲವರು ಪಕ್ಕದಲ್ಲಿ ಕೂತವರ ಮುಖ ನೋಡುತ್ತಾರೆ. ಆಗ ನಾನು ಅಜ್ಜಿಯ ಕೈಗೆ ಲಸಿಕೆ ಚೀಟಿ ಕೊಟ್ಟು, ಹೊರಗೆ ನರ್ಸ್ ಹತ್ತಿರ ದಿನಾಂಕ ಬರೆಸಿಕೊಂಡು ಬನ್ನಿ ಎಂದು ಕಳುಹಿಸುತ್ತೇನೆ.