ಗಟ್ಟಿ ತೋಳು, ಹಗುರ ಕೈ: ಶಸ್ತ್ರಚಿಕಿತ್ಸೆ ಕ್ಷೌರದಂಗಡಿಯಲ್ಲಿದ್ದ ಕಾಲ

ಚಾಕು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಈಚೆಗೆ ಜೋರಾಗಿ ಎದ್ದದ್ದು 2020ರ ನವೆಂಬರ್‌ನಲ್ಲಿ. ಆಯುರ್ವೇದದಲ್ಲಿ ಸ್ನಾತಕೋತ್ತರ ಓದುವವರು 58 ಬಗೆಯ ಶಸ್ತ್ರಕ್ರಿಯೆಗಳಲ್ಲಿ ತರಬೇತಿ ಪಡೆದು ಅವನ್ನು ಮಾಡಬಹುದು ಎಂಬ ಅಧಿಸೂಚನೆ ಹೊರಬಿತ್ತು. ಶಲ್ಯತಂತ್ರಕ್ಕೆ, ಅಂದರೆ ಸಾಮಾನ್ಯ ಶಸ್ತ್ರಚಿಕಿತ್ಸೆಗೆ 39; ಕಣ್ಣು, ಕಿವಿ, ಮೂಗು, ಗಂಟಲಿನಂಥವನ್ನು ನೋಡುವ ಶಾಲಾಕ್ಯಕ್ಕೆ 19. ಡಿಸೆಂಬರ್ 11ರಂದು ಭಾರತೀಯ ವೈದ್ಯಕೀಯ ಸಂಘದ ಕರೆಗೆ ಓಗೊಟ್ಟ ವೈದ್ಯರು ತುರ್ತಲ್ಲದ ಸೇವೆ ನಿಲ್ಲಿಸಿದರು. ಇಂಥ ವಾದಗಳಲ್ಲಿ ಒಂದು ಕಡೆಯಿಂದ ಸುಶ್ರುತ ಬರುತ್ತಾನೆ, ಇನ್ನೊಂದು ಕಡೆಯಿಂದ ಅರಿವಳಿಕೆ, ನಂಜುನಿವಾರಕ, ಪದವಿ ಬರುತ್ತವೆ. ಇವೆರಡರ ನಡುವಿನ ನೂರಾರು ವರ್ಷ ಜನರ ಕುರು ಕೊಯ್ದು, ಮೂಳೆ ಕೂರಿಸಿ, ಕೊಳೆತ ಕಾಲು ತೆಗೆದವರ ಮಾತು ಮಾತ್ರ ಬರುವುದೇ ಅಪರೂಪ. ಅವರಲ್ಲಿ ಬಹಳಷ್ಟು ಮಂದಿ ಕ್ಷೌರಿಕರು. ಯುರೋಪಿನಲ್ಲಿ ಈ ಜಗಳದ ದಾಖಲೆಗಳು ಉಳಿದುಕೊಂಡಿರುವುದರಿಂದ ಅಲ್ಲಿಂದ ಹಿಡಿದು ಬಂದರೆ ಎಳೆ ಸಿಗುತ್ತದೆ.

1163ರಲ್ಲಿ ಕ್ರೈಸ್ತ ಧರ್ಮಸಭೆ ರಕ್ತ ಹರಿಸುವ ಕೆಲಸವನ್ನೇ ನಿಷೇಧಿಸಿತು, ಆಗ ಚಾಕು ಕ್ಷೌರಿಕನ ಪಾಲಾಯಿತು ಎಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದಿದೆ. ಆ ವರ್ಷದ ಸಭೆಯ ಹೆಸರಿನಲ್ಲಿ ಉದ್ಧರಿಸುವ ವಾಕ್ಯ ಅಸಲಿಯಲ್ಲ. ನಿಜವಾದ ನಿರ್ಬಂಧ 1215ರ ಲ್ಯಾಟರನ್ ಸಭೆಯದು: ಮೇಲಿನ ದರ್ಜೆಯ ಪಾದ್ರಿಗಳು ಸುಡುವ, ಕೊಯ್ಯುವ ಚಿಕಿತ್ಸೆ ಮಾಡಕೂಡದು. ಮಠದ ಸನ್ಯಾಸಿಗಳ ನೆತ್ತಿ ಬೋಳಿಸಲು ಹೇಗೂ ಕ್ಷೌರಿಕ ಬರುತ್ತಿದ್ದ, ಅವರ ರಕ್ತ ತೆಗೆಯುವುದೂ ಅವನ ಕೆಲಸವಾಗಿತ್ತು. ಹೀಗಾಗಿ ಬದಲಾವಣೆ ಒಂದು ದಿನ ಬಂದ ಅಪ್ಪಣೆಯಿಂದಲ್ಲ, ಇದ್ದ ರೂಢಿ ಬಿಗಿಯಾದುದರಿಂದ ಆಯಿತು. ವಿಶ್ವವಿದ್ಯಾಲಯಗಳ ವೈದ್ಯರು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥಗಳನ್ನು ಲ್ಯಾಟಿನ್‌ನಲ್ಲಿ ಓದಿದರು, ಮೂತ್ರ ನೋಡಿ ರೋಗ ಹೇಳಿದರು; ಕೈಗೆ ರಕ್ತ ಹತ್ತುವ ಕೆಲಸ ಕೆಳಗಿನವರದು ಎಂದಾಯಿತು. 1307ರ ಹೊತ್ತಿಗೆ ಲಂಡನ್‌ನಲ್ಲಿ ಕ್ಷೌರಿಕರು ರಕ್ತದ ಬಟ್ಟಲನ್ನು ಕಿಟಕಿಯಲ್ಲಿ ಇಡಬಾರದು, ಗುಟ್ಟಾಗಿ ಥೇಮ್ಸ್ ನದಿಗೆ ಒಯ್ದು ಸುರಿಯಬೇಕು ಎಂಬ ಕಟ್ಟಳೆ ಬಂದಿತ್ತು.

ರಕ್ತ ತೆಗೆಯುವುದು ಇಂದು ನಮಗೆ ಮೂಢತನವಾಗಿ ಕಾಣುತ್ತದೆ. ಚಿಕಿತ್ಸೆಯಾಗಿ ಅದು ಬಹುಪಾಲು ವ್ಯರ್ಥವೇ. ಆದರೆ ಕೈಗೆಲಸವಾಗಿ ಅದು ಸುಲಭದ್ದಲ್ಲ. ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಪಟ್ಟಿ ಬಿಗಿಯಬೇಕು: ರಕ್ತನಾಳ ಉಬ್ಬುವಷ್ಟು ಬಿಗಿ, ಮುಂಗೈಯ ನಾಡಿ ನಿಲ್ಲದಷ್ಟು ಸಡಿಲ. ರೋಗಿಯ ಮುಷ್ಟಿಗೆ ಒಂದು ಕೋಲು ಕೊಟ್ಟು ಹಿಸುಕಲು ಹೇಳಿದರೆ ನಾಳ ಎದ್ದು ಕಾಣುತ್ತದೆ. ಕ್ಷೌರದಂಗಡಿಯ ಮುಂದಿನ ಕೆಂಪು ಬಿಳಿ ಪಟ್ಟೆಯ ಕಂಬ ಈ ಕೋಲು ಮತ್ತು ಅದಕ್ಕೆ ಸುತ್ತಿದ ಬಟ್ಟೆಯಿಂದ ಬಂತೆಂದು ಹೇಳುತ್ತಾರೆ. ನಾಳ ಜಾರದಂತೆ ಎಡ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಲಗೈಯಲ್ಲಿ ಹಿಡಿದ ಅಲಗಿನ ಮೊನೆಯಿಂದ ಓರೆಯಾಗಿ ಸೀಳಬೇಕು. ಅಡ್ಡ ಸೀಳಿದರೆ ನಾಳ ತುಂಡಾಗುತ್ತದೆ, ಉದ್ದಕ್ಕೆ ಸೀಳಿದರೆ ಬಾಯಿ ಬೇಗ ಮುಚ್ಚುತ್ತದೆ. ದೊಡ್ಡ ಅಪಾಯ ಆಳದ್ದು. ಮೊಣಕೈ ಮಡಿಕೆಯ ಒಳಮಗ್ಗುಲಲ್ಲಿ ಆ ನಾಳದ ಕೆಳಗೇ ತೋಳಿನ ದೊಡ್ಡ ಅಪಧಮನಿ ಹರಿಯುತ್ತದೆ. ನಡುವೆ ಇರುವುದು ಸ್ನಾಯುವಿನಿಂದ ಹರಡಿದ ಒಂದು ತೆಳು ಪೊರೆ ಮಾತ್ರ. ಆ ಪೊರೆ ದಾಟಿದರೆ ಕಪ್ಪು ರಕ್ತದ ಬದಲು ಕೆಂಪು ರಕ್ತ ಎದೆಬಡಿತಕ್ಕೆ ತಕ್ಕಂತೆ ಚಿಮ್ಮುತ್ತದೆ, ಮುಂದೆ ಅಲ್ಲೇ ಮಿಡಿಯುವ ಗಂಟು ಬೆಳೆಯುತ್ತದೆ. ನರಕ್ಕೆ ತಗುಲಿದರೂ ತೊಂದರೆಯೇ. ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸನಿಗೆ ಜ್ವರಕ್ಕೆಂದು ರಕ್ತ ತೆಗೆಯುವಾಗ ಮೊನೆ ನರಕ್ಕೆ ತಾಗಿ, ಮೂರು ತಿಂಗಳು ಕೈ ಮಡಿಸಲೂ ಆಗದೆ ಚಾಚಲೂ ಆಗದೆ ಒದ್ದಾಡಿದ. ಬೆಳಗಾದರೆ ಗಡ್ಡ ಬೋಳಿಸುತ್ತ ಚರ್ಮವನ್ನು ಎದುರು ದಿಕ್ಕಿಗೆ ಎಳೆದು ಹಿಡಿಯುವುದನ್ನೂ, ಅಲಗನ್ನು ಎಷ್ಟು ಊರಬೇಕೆಂಬುದನ್ನೂ ಕಲಿತವನಿಗೆ ಈ ಕೆಲಸ ಸಿಕ್ಕಿದ್ದು ಆಕಸ್ಮಿಕವಲ್ಲ.

ಕ್ಷೌರಿಕ-ಶಸ್ತ್ರವೈದ್ಯ ಎಂದರೆ ಕೆಲವು ಚಿತ್ರಗಳಲ್ಲಿ ತೋಳು ಮಡಚಿದ ದೈತ್ಯ, ಕೈಯಲ್ಲಿ ಗರಗಸ. ಮೈಬಲ ಬೇಕಿದ್ದದ್ದು ನಿಜ. ಕ್ರೂರತನಕ್ಕಲ್ಲ, ನೋವು ಕಡಿಮೆ ಮಾಡುವುದಕ್ಕೆ. ತೊಡೆಯ ಮೂಳೆ ಮುರಿದಾಗ ದೇಹದ ಅತಿ ದೊಡ್ಡ ಸ್ನಾಯುಗಳು ಸೆಟೆದುಕೊಂಡು ಮುರಿದ ತುದಿಗಳನ್ನು ಒಂದರ ಮೇಲೊಂದು ಏರಿಸುತ್ತವೆ. ಅವನ್ನು ಮತ್ತೆ ನೇರಕ್ಕೆ ತರಲು ಒಬ್ಬ ಸೊಂಟ ಹಿಡಿದು, ಇನ್ನೊಬ್ಬ ಕಾಲನ್ನು ಒಂದೇ ಸಮನೆ ಎಳೆಯಬೇಕು. ಬಲವಿಲ್ಲದವನು ದಣಿದು ಬಿಡುತ್ತಾನೆ, ಮತ್ತೆ ಹಿಡಿಯುತ್ತಾನೆ. ಪ್ರತಿ ಸಲವೂ ಮೂಳೆಯ ಚೂಪು ತುದಿ ಮಾಂಸವನ್ನು ಕೀರುತ್ತದೆ. ತಪ್ಪಿದ ಭುಜ ಕೂರಿಸುವಾಗಲೂ ಹೀಗೇ. ಜಗ್ಗಿ ಎಳೆದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ವಯಸ್ಸಾದವರಲ್ಲಿ ತೋಳಿನ ಮೂಳೆಯ ಕತ್ತೇ ಮುರಿಯಬಹುದು. ಬಲವಾದ ಕೈ ಅವಸರಪಡದೆ, ಸ್ನಾಯು ತಾನೇ ಸೋತು ಸಡಿಲಾಗುವವರೆಗೆ ಹಿಡಿದಿರಬಲ್ಲದು. ರೋಮಿನ ಸೆಲ್ಸಸ್ ಒಂದನೆಯ ಶತಮಾನದಲ್ಲೇ ಶಸ್ತ್ರವೈದ್ಯನ ಲಕ್ಷಣ ಬರೆದಿದ್ದ: ಹರೆಯ, ಎಂದೂ ನಡುಗದ ಗಟ್ಟಿ ಕೈ, ಎಡಗೈಯಲ್ಲೂ ಬಲಗೈಯಷ್ಟೇ ಹಿಡಿತ, ಚುರುಕು ಕಣ್ಣು, ರೋಗಿಯ ಮೇಲೆ ಮರುಕ, ಆದರೆ ಆತನ ಕೂಗಿಗೆ ಬೆದರಿ ಅವಸರ ಮಾಡದ, ಬೇಕಾದ್ದಕ್ಕಿಂತ ಕಡಿಮೆ ಕೊಯ್ಯದ ಮನಸ್ಸು.

ಈ ಬಲ ಮತ್ತು ಮೃದುತನ ಒಟ್ಟಿಗೆ ಹೇಗಿದ್ದವು ಎಂದು ತಿಳಿಯಲು ಆಂಬ್ರುವಾಜ್ ಪಾರೆಯ ಬರಹಗಳಿಗಿಂತ ಒಳ್ಳೆಯ ಆಧಾರ ಇಲ್ಲ. ಸುಮಾರು 1510ರಲ್ಲಿ ಫ್ರಾನ್ಸಿನ ಲವಾಲ್ ಬಳಿ ಹುಟ್ಟಿದವನು. ಕ್ಷೌರಿಕರ ಬಳಿ ಕೆಲಸ ಕಲಿತು, ಪ್ಯಾರಿಸ್‌ನ ಒತೆಲ್ ದ್ಯೂ ಆಸ್ಪತ್ರೆಯಲ್ಲಿ ಸುಮಾರು ಮೂರು ವರ್ಷ ಗಾಯ ಕಟ್ಟಿದ. ಲ್ಯಾಟಿನ್ ಬಾರದು. 1536ರಲ್ಲಿ ಶುರುವಾದ ಟುರಿನ್ ದಂಡಯಾತ್ರೆಗೆ ಸೇನೆಯ ಜೊತೆ ಹೋದಾಗ ಗುಂಡೇಟಿನ ಗಾಯವನ್ನು ಅವನು ನೋಡಿರಲೇ ಇಲ್ಲ. ಆಗಿನ ಪ್ರಮಾಣಗ್ರಂಥದ ಪ್ರಕಾರ ಮದ್ದುಪುಡಿಯಿಂದ ಗಾಯಕ್ಕೆ ವಿಷ ಏರುತ್ತದೆ, ಎಲ್ಡರ್ ಗಿಡದ ಎಣ್ಣೆಗೆ ಸ್ವಲ್ಪ ವಿಷಹರ ಲೇಹ ಬೆರೆಸಿ ಕುದಿಕುದಿಯಾಗಿ ಹೊಯ್ದು ಸುಡಬೇಕು. ಇತರ ಶಸ್ತ್ರವೈದ್ಯರನ್ನು ಕೇಳಿದ. ಅವರೂ ಹಾಗೇ ಮಾಡುತ್ತಿದ್ದರು, ಇವನೂ ಮಾಡಿದ. ಗಾಯಾಳುಗಳು ಹೆಚ್ಚಾಗಿ ಎಣ್ಣೆ ಮುಗಿಯಿತು. ಉಳಿದವರಿಗೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದ. ಸುಡದೆ ಬಿಟ್ಟವರು ವಿಷವೇರಿ ಸತ್ತಿರುತ್ತಾರೋ ಎಂಬ ಭಯಕ್ಕೆ ರಾತ್ರಿ ನಿದ್ದೆ ಹತ್ತದೆ ನಸುಕಿನಲ್ಲೇ ಎದ್ದು ನೋಡಿದರೆ, ಮುಲಾಮು ಹಚ್ಚಿಸಿಕೊಂಡವರಿಗೆ ನೋವು ಕಡಿಮೆ, ಊತವಿಲ್ಲ, ನಿದ್ದೆ ಮಾಡಿದ್ದಾರೆ. ಎಣ್ಣೆ ಹೊಯ್ಸಿಕೊಂಡವರಿಗೆ ಜ್ವರ, ನೋವು, ಗಾಯದ ಸುತ್ತ ಬಾವು. ಇನ್ನೆಂದೂ ಗುಂಡೇಟಿನವರನ್ನು ಹೀಗೆ ಸುಡುವುದಿಲ್ಲ ಎಂದು ಅಂದೇ ನಿಶ್ಚಯಿಸಿದ. ಕಾರಣ ನಮಗೆ ಈಗ ತಿಳಿದಿದೆ. ಕುದಿಯುವ ಎಣ್ಣೆ ಮಾಂಸವನ್ನು ಕೊಲ್ಲುತ್ತದೆ, ಸತ್ತ ಮಾಂಸದಲ್ಲಿ ರಕ್ತ ಓಡುವುದಿಲ್ಲ, ಅಲ್ಲಿ ಕೀವು ನೆಲೆಯೂರುತ್ತದೆ.

ಸುಟ್ಟ ಗಾಯಕ್ಕೆ ಈರುಳ್ಳಿ ಜಜ್ಜಿ ಉಪ್ಪು ಸೇರಿಸಿ ಹಚ್ಚು ಎಂದು ಹಳ್ಳಿಯ ಮುದುಕಿಯೊಬ್ಬಳು ಹೇಳಿದ್ದನ್ನೂ ಅವನು ಕೈಬಿಡಲಿಲ್ಲ. ಕಾದ ಎಣ್ಣೆಯ ಕೊಪ್ಪರಿಗೆಗೆ ಬಿದ್ದ ಅಡುಗೆಮನೆಯ ಹುಡುಗನ ಮೇಲೆ ಹಚ್ಚಿ ನೋಡಿದ. ಮುಂದೆ ಮುಖ ಸುಟ್ಟುಕೊಂಡ ಸೈನಿಕನೊಬ್ಬನ ಮುಖದ ಒಂದು ಮಗ್ಗುಲಿಗೆ ಈರುಳ್ಳಿ, ಇನ್ನೊಂದಕ್ಕೆ ಮಾಮೂಲಿ ಮದ್ದು ಹಾಕಿ ಹೋಲಿಸಿದ. ಒಂದೇ ದೇಹದ ಎರಡು ಮಗ್ಗುಲನ್ನು ಹೀಗೆ ಎದುರುಬದುರು ಇಟ್ಟು ನೋಡುವುದು ಅವನಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿದ್ದಲ್ಲ.

1552ರ ದಾಂವಿಯೇ ಮುತ್ತಿಗೆಯಲ್ಲಿ ಫಿರಂಗಿಯಿಂದ ಕಾಲು ನುಜ್ಜಾದ ಸರದಾರನೊಬ್ಬನಿಗೆ ಪಾರೆ ಮಾಡಿದ್ದು ಇನ್ನೂ ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಕಾಲು ಕೊಯ್ದ ಮೇಲೆ ಕೆಂಪಗೆ ಕಾಸಿದ ಕಬ್ಬಿಣವನ್ನು ಮೊಂಡಿಗೆ ಒತ್ತಿ ರಕ್ತ ನಿಲ್ಲಿಸುವುದೇ ವಾಡಿಕೆ. ಸುಟ್ಟ ಹಕ್ಕಳೆ ಕೆಲವು ದಿನಗಳಲ್ಲಿ ಉದುರಿದಾಗ ರಕ್ತ ಮತ್ತೆ ಹರಿಯುತ್ತಿತ್ತು, ಮತ್ತೆ ಸುಡಬೇಕಿತ್ತು. ಪಾರೆಯ ಕ್ರಮ ಬೇರೆ. ಪಾದ ಮಾತ್ರ ಕೆಟ್ಟಿದ್ದರೂ ಮೊಣಕಾಲಿನಿಂದ ಐದು ಬೆರಳು ಕೆಳಗೆ ಕೊಯ್ಯಬೇಕು. ಮರದ ಕಾಲು ಕಟ್ಟಲು ಅದೇ ಅನುಕೂಲ. ಕೊಯ್ಯುವ ಜಾಗದ ಮೇಲೆ ಬಿಗಿಯುವ ಪಟ್ಟಿಗೆ ಮೂರು ಉಪಯೋಗ: ಚರ್ಮ, ಮಾಂಸವನ್ನು ಮೇಲಕ್ಕೆ ಎಳೆದು ಹಿಡಿದು ಆಮೇಲೆ ಮೂಳೆಯ ತುದಿ ಮುಚ್ಚಿಕೊಳ್ಳುವಂತೆ ಮಾಡುವುದು, ರಕ್ತ ತಡೆಯುವುದು, ಸ್ವಲ್ಪ ಮರಗಟ್ಟಿಸುವುದು. ಬಾಗಿದ ಚಾಕುವಿನಿಂದ ಮಾಂಸ ಕೊಯ್ದು, ಎರಡು ಮೂಳೆಗಳ ನಡುವಿನ ಮಾಂಸವನ್ನೂ ಬಿಡಿಸಿ, ಆಮೇಲೆ ಗರಗಸ. ನಡುವಿನ ಮಾಂಸ ಉಳಿಸಿಬಿಟ್ಟರೆ ಗರಗಸದ ಹಲ್ಲು ಅದನ್ನು ಹರಿಯುತ್ತದೆ, ಆ ಯಾತನೆ ಹೇಳತೀರದು. ಬಳಿಕ ಕಾಗೆಯ ಕೊಕ್ಕಿನಂಥ ಇಕ್ಕಳದಿಂದ ರಕ್ತನಾಳದ ತುದಿಯನ್ನು ಹೊರಕ್ಕೆಳೆದು ಜೋಡಿ ದಾರದಿಂದ ಕಟ್ಟುವುದು. ಆ ಸರದಾರ ಮರದ ಕಾಲಿನಲ್ಲಿ ಮನೆಗೆ ಮರಳಿದ, ಸುಡದೆ ಬಿಟ್ಟದ್ದಕ್ಕೆ ಅಗ್ಗದಲ್ಲೇ ಪಾರಾದೆನೆಂದು ಖುಷಿಪಟ್ಟ ಎಂದು ಪಾರೆ ಬರೆದಿದ್ದಾನೆ.

ಆದರೂ ಸುಡುವ ಕಬ್ಬಿಣ ಬಹುಕಾಲ ಉಳಿಯಿತು. ತೊಡೆಯ ಮಟ್ಟದಲ್ಲಿ ಕಟ್ಟಬೇಕಾದ ನಾಳಗಳು ಹತ್ತಾರು. ಅಷ್ಟೂ ಹೊತ್ತು ರಕ್ತ ಹಿಡಿದಿಡಲು ಬಟ್ಟೆಯ ಪಟ್ಟಿ ಸಾಲದು, ಯುದ್ಧಭೂಮಿಯಲ್ಲಿ ನುರಿತ ಸಹಾಯಕನೂ ಇಲ್ಲ. ದಾರ ಕೊಳೆತರೆ ಮತ್ತೆ ರಕ್ತಸ್ರಾವ. 1718ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪೆತಿ ತಿರುಪುಮೊಳೆಯ ಬಿಗಿಪಟ್ಟಿ ತಂದ ಮೇಲೆ, 1867ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಲಿಸ್ಟರ್ ಗಾಯದ ನಂಜು ತಡೆಯುವ ಕಾರ್ಬಾಲಿಕ್ ಆಮ್ಲದ ವಿಧಾನ ಪ್ರಕಟಿಸಿದ ಮೇಲೆ ಪಾರೆಯ ಗಂಟು ನಿಜವಾಗಿ ಗೆದ್ದಿತು.

1561ರ ಮೇ ತಿಂಗಳಲ್ಲಿ ಪಾರೆಯೇ ರೋಗಿಯಾದ. ದೋಣಿ ಹತ್ತಿಸುವಾಗ ಕುದುರೆ ಒದ್ದು ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದು ಚರ್ಮ ಹರಿದು ಹೊರಬಂದವು. ಔಷಧಿ ಇಲ್ಲದ ಆ ಊರಿನಲ್ಲಿ ಮೊಟ್ಟೆಯ ಬಿಳಿ, ಗೋಧಿ ಹಿಟ್ಟು, ಒಲೆಯ ಮಸಿ, ಕರಗಿಸಿದ ಬೆಣ್ಣೆ ಕಲಸಿ ಕಟ್ಟಬೇಕಾಯಿತು. ತನ್ನ ಗೆಳೆಯನಾದ ಶಸ್ತ್ರವೈದ್ಯನಿಗೆ ಅವನು ಹೇಳಿದ್ದು: ಸ್ನೇಹ ಮರೆತುಬಿಡು, ಪರಕೀಯನೆಂದೇ ತಿಳಿ, ಪಾದವನ್ನು ನೇರವಾಗಿ ಬಲವಾಗಿ ಎಳೆ, ಗಾಯದ ಬಾಯಿ ಸಾಲದಿದ್ದರೆ ಕ್ಷೌರದ ಕತ್ತಿಯಿಂದ ಅಗಲಿಸು, ಮೂಳೆ ಚೂರನ್ನು ಸಲಕರಣೆಯಿಂದಲ್ಲ, ಬೆರಳಿನಿಂದ ಹುಡುಕು, ಸ್ಪರ್ಶದಷ್ಟು ಖಚಿತವಾದದ್ದು ಇನ್ನೊಂದಿಲ್ಲ. ಅಂಥ ಗಾಯಕ್ಕೆ ಕಾಲು ಕತ್ತರಿಸುವುದೇ ಸಾಮಾನ್ಯವಾಗಿದ್ದ ದಿನಗಳಲ್ಲಿ ಅವನು ಕುಂಟದೆ ನಡೆದ. ಬಲ ಎಲ್ಲಿ, ಮೃದುತನ ಎಲ್ಲಿ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಮಾತು ಆ ಶತಮಾನದಲ್ಲಿ ಸಿಗುವುದು ಕಷ್ಟ.

ಈ ಕೈಗುಣಕ್ಕೆ ಸಿಕ್ಕ ಸ್ಥಾನ ಯಾವುದು? ಪ್ಯಾರಿಸ್‌ನಲ್ಲಿ ಮೂರು ಮೆಟ್ಟಿಲು. ಮೇಲೆ ವಿಶ್ವವಿದ್ಯಾಲಯದ ವೈದ್ಯರು. ನಡುವೆ ಸೇಂಟ್ ಕೋಮ್ ಸಂಘದ ಉದ್ದ ನಿಲುವಂಗಿಯ ಶಸ್ತ್ರವೈದ್ಯರು. ಕೆಳಗೆ ಗಿಡ್ಡ ಅಂಗಿಯ ಕ್ಷೌರಿಕರು. ಮೇಲಿನವರು ನಡುವಿನವರನ್ನು ಹದ್ದುಬಸ್ತಿನಲ್ಲಿಡಲು ಕೆಳಗಿನವರಿಗೆ ಫ್ರೆಂಚ್‌ನಲ್ಲಿ ಪಾಠ ಹೇಳಿಕೊಟ್ಟರು. ನಡುವಿನವರು ಕೆಳಗಿನವರ ಮೇಲೆ ದಾವೆ ಹೂಡಿದರು. ಲ್ಯಾಟಿನ್ ಬಾರದ ಪಾರೆಯನ್ನು 1554ರಲ್ಲಿ ಸೇಂಟ್ ಕೋಮ್ ಒಳಗೆ ಬಿಟ್ಟುಕೊಂಡಿತು, ದೊರೆಯ ಒಲವು ಅವನ ಕಡೆಗಿತ್ತು. ನಾಲ್ಕು ದೊರೆಗಳಿಗೆ ಶಸ್ತ್ರವೈದ್ಯನಾಗಿದ್ದವನ ಸಮಗ್ರ ಕೃತಿ 1575ರಲ್ಲಿ ಫ್ರೆಂಚ್‌ನಲ್ಲಿ ಬಂದಾಗ ವೈದ್ಯಶಾಲೆ ಅದನ್ನು ತಡೆಯಲು ನೋಡಿತು.

ಲಂಡನ್‌ನ ಹಾದಿ ಬೇರೆ. 1540ರಲ್ಲಿ ಎಂಟನೆಯ ಹೆನ್ರಿ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಒಂದೇ ಸಂಘಕ್ಕೆ ಸೇರಿಸಿದ. ಕೆಲಸ ಮಾತ್ರ ಬೇರೆಯಾಯಿತು. ಕ್ಷೌರಿಕ ಹಲ್ಲು ಕೀಳಬಹುದು, ಮತ್ತೇನೂ ಕೊಯ್ಯುವಂತಿಲ್ಲ. ಶಸ್ತ್ರವೈದ್ಯ ಗಡ್ಡ ಬೋಳಿಸುವಂತಿಲ್ಲ: ಪ್ಲೇಗಿನ ರೋಗಿಯನ್ನು ಮುಟ್ಟಿದ ಕೈಯೇ ಆರೋಗ್ಯವಂತನ ಮುಖ ಮುಟ್ಟಿದರೆ ಸೋಂಕು ಹರಡುತ್ತದೆ ಎಂಬ ಕಾರಣವನ್ನು ಕಾನೂನೇ ಕೊಟ್ಟಿತ್ತು. ಇದು ಸರಿಯಾದ ಕಾರಣ. ಕಲಿಯಲು ವರ್ಷಕ್ಕೆ ನಾಲ್ಕು ಗಲ್ಲಿಗೇರಿಸಿದವರ ಹೆಣಗಳೂ ಸಿಕ್ಕವು. ಆಮೇಲಿನ ಎರಡು ಶತಮಾನ ಬೇಗ ಹೇಳಿ ಮುಗಿಸಬಹುದು. 1686ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಭಗಂದರವನ್ನು (ಗುದದ ಬಳಿಯ ಕೀವು ಸುರಿಯುವ ಹುಣ್ಣನ್ನು) ಶಸ್ತ್ರವೈದ್ಯ ಗುಣಪಡಿಸಿದ ಮೇಲೆ ಕಸುಬಿನ ಗೌರವ ಏರಿತು. 1743ರಲ್ಲಿ ಫ್ರಾನ್ಸ್, 1745ರಲ್ಲಿ ಇಂಗ್ಲೆಂಡ್ ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಬೇರೆ ಮಾಡಿದವು. ಫ್ರಾನ್ಸಿನಲ್ಲಿ ಶಸ್ತ್ರವೈದ್ಯನಾಗಲು ಇನ್ನು ಕಲಾಪದವಿ ಬೇಕು, ಅಂದರೆ ಲ್ಯಾಟಿನ್ ಬೇಕು. ಪಾರೆಗೆ ಆ ಬಾಗಿಲು ತೆರೆಯುತ್ತಿರಲಿಲ್ಲ.

ದಕ್ಷಿಣ ಭಾರತದ ಹಳ್ಳಿಗಳಲ್ಲೂ ಕ್ಷೌರಿಕ ಮನೆತನದ ಗಂಡಸರು ಕುರು ಕೊಯ್ಯುತ್ತಿದ್ದರು, ಹೆಂಗಸರು ಹೆರಿಗೆ ಮಾಡಿಸುತ್ತಿದ್ದರು. ತಮಿಳುನಾಡಿನಲ್ಲಿ ಆ ಸಮುದಾಯಕ್ಕೆ ಮರುತ್ತುವರ್, ಅಂದರೆ ವೈದ್ಯರು, ಎಂಬ ಹೆಸರೇ ಉಂಟು. ಜಾತಿಯ ಕೆಲಸವೆಂದು ಕಟ್ಟಿಹಾಕಿದ್ದರಿಂದ ಇಲ್ಲಿ ಸಂಘವೂ ಇಲ್ಲ, ಸನ್ನದೂ ಇಲ್ಲ, ಬರೆದ ಪುಸ್ತಕವೂ ವಿರಳ. ಬರೆದದ್ದು ಸಿಗುವುದು ಹೊರಗಿನವರು ನೋಡಿದಾಗ. ಟಿಪ್ಪು ಸುಲ್ತಾನನ ವಿರುದ್ಧದ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ವರ್ಷದ ಬಳಿಕ ಪುಣೆಯ ಬಳಿ ಅವನಿಗೆ ಮೂಗು ಕಟ್ಟಿದವನು ಇಟ್ಟಿಗೆ ಮಾಡುವ ಜಾತಿಯವನು. ಇಬ್ಬರು ಇಂಗ್ಲಿಷ್ ವೈದ್ಯರು ನಿಂತು ನೋಡಿದರು, 1794ರ ಅಕ್ಟೋಬರ್‌ನಲ್ಲಿ ಲಂಡನ್‌ನ ಪತ್ರಿಕೆಯೊಂದು ವಿಧಾನವನ್ನು ಅಚ್ಚು ಹಾಕಿತು.

ತೆಳು ಮೇಣದ ಹಾಳೆಯಿಂದ ಮೂಗಿನ ಆಕಾರ ಮಾಡಿ, ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಗೆರೆಯೊಳಗಿನ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ಕಿರು ಪಟ್ಟಿ ಉಳಿಸುವುದು. ಹೊಸ ಮೂಗಿಗೆ ರಕ್ತ ಬರುವುದು ಅದರ ಮೂಲಕವೇ. ಮೂಗಿನ ಮೊಂಡಿನ ಸುತ್ತ ಸೀಳು ಮಾಡಿ, ಚರ್ಮವನ್ನು ಅರ್ಧ ತಿರುಚಿ ಕೆಳಗಿಳಿಸಿ ಅಂಚನ್ನು ಸೀಳಿನೊಳಗೆ ಕೂರಿಸುವುದು. ಹೊಲಿಗೆ ಇಲ್ಲ, ನೀರಲ್ಲಿ ನೆನೆಸಿದ ಕಾಚನ್ನು ಬಟ್ಟೆಪಟ್ಟಿಗಳಿಗೆ ಹಚ್ಚಿ ಐದಾರು ಪದರ ಅಂಟಿಸುವುದು. ನಾಲ್ಕು ದಿನ ಮುಟ್ಟುವಂತಿಲ್ಲ, ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಬೇಕು. ಹತ್ತನೆಯ ದಿನ ಹೊಳ್ಳೆ ಮುಚ್ಚಿಕೊಳ್ಳದಂತೆ ಮೆತ್ತನೆ ಬಟ್ಟೆ ತುರುಕುವುದು. ಸುಮಾರು 25ನೆಯ ದಿನ ಹುಬ್ಬಿನ ನಡುವಿನ ಪಟ್ಟಿ ಕತ್ತರಿಸುವುದು. ಬೇಗ ಕತ್ತರಿಸಿದರೆ ಹೊಸ ಮೂಗು ರಕ್ತವಿಲ್ಲದೆ ಕಪ್ಪಾಗಿ ಉದುರುತ್ತದೆ.

ಲಂಡನ್‌ನ ಶಸ್ತ್ರವೈದ್ಯ ಕಾರ್ಪ್ಯೂ ಈ ವಿವರ ಓದಿ, ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಮೂಗು ಕಟ್ಟಿದ. 1816ರಲ್ಲಿ ಪುಸ್ತಕ ಬರೆದ. ಪುಣೆಯವನ ಹೆಸರು ಆ ಪತ್ರಿಕೆಯ ವರದಿಯಲ್ಲಿ ಇಲ್ಲ. ಕ್ಯಾನ್ಸರಿಗೋ ಅಪಘಾತಕ್ಕೋ ಮೂಗು ಕಳೆದುಕೊಂಡವರಿಗೆ ಪ್ಲಾಸ್ಟಿಕ್ ಸರ್ಜನ್‌ಗಳು ಇಂದಿಗೂ ಹಣೆಯ ಚರ್ಮವನ್ನೇ ಇಳಿಸುತ್ತಾರೆ. ಹೊಲಿಗೆ ಬಂದಿದೆ, ಅರಿವಳಿಕೆ ಬಂದಿದೆ, ಒಳಗೆ ಕಿವಿಯ ಮೃದ್ವಸ್ಥಿಯ ಆಸರೆ ಬಂದಿದೆ. ಹುಬ್ಬಿನ ಬಳಿಯ ಪಟ್ಟಿಯನ್ನು ಸಾಮಾನ್ಯವಾಗಿ ಕತ್ತರಿಸುವುದು ಮಾತ್ರ ಈಗಲೂ ಸುಮಾರು ಮೂರು ವಾರ ಕಾದ ಮೇಲೆಯೇ.