ಮನೆಯಲ್ಲಿ ಪ್ಲಾಸ್ಟಿಕ್ ಕಡಿಮೆ ಮಾಡುವುದು: ನಾನು ಎಡವಿದ 131ರ ಲೆಕ್ಕ

ಮನೆಯಲ್ಲಿ ಪ್ಲಾಸ್ಟಿಕ್ ಬಳಕೆ ಕಡಿಮೆ ಮಾಡಬೇಕು ಅಂತ ಹೊರಟು ಒಂದು ತಿಂಗಳಾಯಿತು. ಓದಿದ್ದೂ ಆಯಿತು, ಮನೆಯಲ್ಲಿ ಮಾಡಿ ನೋಡಿದ್ದೂ ಆಯಿತು. ಒಂದು ಕಡೆ ಮಾತ್ರ ನಾಲ್ಕೈದು ದಿನ ಸಿಕ್ಕಿಹಾಕಿಕೊಂಡಿದ್ದೆ. ಆ ಗಂಟು ನಿನ್ನೆ ಬಿಚ್ಚಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನೀವೂ ಇದನ್ನೇ ಕಲಿಯುತ್ತಿದ್ದರೆ ಚೀಲದ ಭಾಗವನ್ನು ನಿಧಾನಕ್ಕೆ ಓದಿ.

ಕಸದ ಬುಟ್ಟಿಯಿಂದ ಶುರು

ಯಾರದೋ ಪಟ್ಟಿ ಹಿಡಿದು ಶುರು ಮಾಡಬೇಡಿ. ಒಂದು ವಾರ ನಿಮ್ಮ ಮನೆಯ ಪ್ಲಾಸ್ಟಿಕ್ ಕಸವನ್ನು ತೊಳೆದು, ಒಣಗಿಸಿ, ಬೇರೆ ಡಬ್ಬದಲ್ಲಿ ಹಾಕುತ್ತಾ ಬನ್ನಿ. ಏಳನೇ ದಿನ ಹಳೆ ಪೇಪರ್ ಹಾಸಿ ನೆಲದ ಮೇಲೆ ಸುರಿಯಿರಿ. ಮನೆಯವರೆಲ್ಲ ಸುತ್ತ ಕೂತು ಗುಂಪು ಮಾಡಿ. ನಮ್ಮಲ್ಲಿ ಬಾಟಲಿಗಳ ಗುಂಪೇ ದೊಡ್ಡದಿರುತ್ತೆ ಅಂದುಕೊಂಡಿದ್ದೆ. ಅಲ್ಲ, ಪ್ಯಾಕೆಟ್‌ಗಳದು. ಪುಟ್ಟ ಪುಟ್ಟ ಪ್ಯಾಕೆಟ್, ತುದಿ ಕತ್ತರಿಸಿದ ಚೂರು, ಹೊಸ ವಸ್ತುವಿನ ಸುತ್ತ ಬರುವ ತೆಳು ಹಾಳೆ. ಎಲ್ಲವೂ ನಿಮಿಷದಲ್ಲಿ ಕೆಲಸ ಮುಗಿಸಿದ ವಸ್ತುಗಳು. ಜಗತ್ತಿನ ಲೆಕ್ಕವೂ ಹೀಗೇ ಇದೆ: ಪ್ಲಾಸ್ಟಿಕ್ ಎಲ್ಲಕ್ಕಿಂತ ಜಾಸ್ತಿ ಹೋಗುವುದು ಪ್ಯಾಕಿಂಗ್‌ಗೆ.

ರೀಸೈಕಲ್ ಮಾಡಿದರೆ ಸಾಕಲ್ವಾ ಅಂತ ಮಗಳು ಕೇಳಿದಳು. 2017ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಲೆಕ್ಕವನ್ನು ಅವಳಿಗೆ ತೋರಿಸಿದೆ. 1950ರಿಂದ 2015ರವರೆಗೆ ಜಗತ್ತು ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ ತಯಾರಿಸಿದೆ. 2015ರ ಹೊತ್ತಿಗೆ ಕಸವಾದದ್ದು ಸುಮಾರು 630 ಕೋಟಿ ಟನ್. ಆ ಕಸದಲ್ಲಿ ರೀಸೈಕಲ್ ಆದದ್ದು ಶೇ 9 ಮಾತ್ರ. ಶೇ 12 ಸುಟ್ಟುಹೋಯಿತು. ಉಳಿದ ಶೇ 79 ಕಸದ ಗುಡ್ಡದಲ್ಲೋ ಬಯಲಲ್ಲೋ ಬಿದ್ದಿದೆ. ಅದಕ್ಕೇ ಮನೆಗೆ ಬರುವುದನ್ನು ತಡೆಯುವುದು ಮೊದಲ ಕೆಲಸ. ಬಂದದ್ದನ್ನು ಸರಿಯಾದ ಡಬ್ಬಕ್ಕೆ ಹಾಕುವುದು ಆಮೇಲಿನದು.

ಬಟ್ಟೆ ಚೀಲದ 131

ನಾನು ಎಡವಿದ್ದು ಇಲ್ಲಿ.

ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2011ರಲ್ಲಿ ಚೀಲಗಳ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ಹವಾಮಾನದ ಲೆಕ್ಕದಲ್ಲಿ ಒಂದು ತೆಳು ಕ್ಯಾರಿಬ್ಯಾಗನ್ನು ಸರಿಗಟ್ಟಲು ಒಂದು ಹತ್ತಿ ಬಟ್ಟೆಯ ಚೀಲವನ್ನು ಕಡಿಮೆ ಅಂದರೂ 131 ಸಲ ಬಳಸಬೇಕು. ಪೇಪರ್ ಚೀಲಕ್ಕೆ 3 ಸಲ ಸಾಕು. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ 4. ಬಟ್ಟೆಯ ಹಾಗೆ ಕಾಣುವ, ಆದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನಿಂದಲೇ ಮಾಡುವ ನಾನ್-ವೋವನ್ ಚೀಲಕ್ಕೆ 11.

ಓದಿ ಬೇಜಾರಾಯಿತು. ಬಟ್ಟೆ ಚೀಲ ಹಿಡಿದು ಓಡಾಡಿದ್ದೆಲ್ಲ ಸುಳ್ಳಾ? ಇಲ್ಲ. ಆದರೆ ಲೆಕ್ಕವನ್ನು ನಾನು ಮೂರು ಕಡೆ ತಪ್ಪಾಗಿ ಓದಿದ್ದೆ. ಒಂದೊಂದಾಗಿ ಬಿಡಿಸುತ್ತೇನೆ.

ಮೊದಲು 131 ಅಂದರೆ ಏನು ಅಂತ ಸರಿ ಮಾಡಿಕೊಳ್ಳೋಣ. ಪ್ರತಿ ವಸ್ತುವೂ ಸಾಲ ಹೊತ್ತುಕೊಂಡೇ ಮನೆಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಹತ್ತಿ ಬೆಳೆಯಬೇಕು, ನೂಲಬೇಕು, ನೇಯಬೇಕು, ಹೊಲಿಯಬೇಕು, ಸಾಗಿಸಬೇಕು. ಅಷ್ಟಕ್ಕೂ ನೀರು, ಗೊಬ್ಬರ, ವಿದ್ಯುತ್, ಇಂಧನ ಖರ್ಚಾಗಿದೆ. ಕ್ಯಾರಿಬ್ಯಾಗ್ ಕೆಲವೇ ಗ್ರಾಂ ತೂಗುತ್ತದೆ. ಅದರ ಸಾಲ 1 ಅಂತ ಹಿಡಿದರೆ ಬಟ್ಟೆ ಚೀಲದ ಸಾಲ 131. ಪ್ರತಿ ಸಲ ಅದನ್ನು ಹಿಡಿದು ಹೊರಟಾಗ ಒಂದು ಕಂತು ತೀರುತ್ತದೆ. ಯಾಕೆಂದರೆ ಆ ಸಲ ಒಂದು ಕ್ಯಾರಿಬ್ಯಾಗ್ ಉಳಿಯಿತು. 131 ಕಂತು ಕಟ್ಟಿದ ಮೇಲೆ ಮುಂದಿನದೆಲ್ಲ ಉಳಿತಾಯ.

ಇಲ್ಲಿಯವರೆಗೆ ಸುಲಭ. ಎಡವಿದ್ದು ಮುಂದೆ. "ನಾವು ವರ್ಷಗಟ್ಟಲೆ ಬಟ್ಟೆ ಚೀಲವನ್ನೇ ಒಯ್ಯುತ್ತಿದ್ದೇವೆ, 131 ಯಾವಾಗಲೋ ದಾಟಿರಬೇಕು" ಅಂದುಕೊಂಡೆ. ಆಮೇಲೆ ಅಡುಗೆಮನೆಯ ಕೆಳಗಿನ ಡ್ರಾಯರ್ ಎಳೆದು ನೋಡಿದೆ. ಮಡಚಿಟ್ಟ ಬಟ್ಟೆ ಚೀಲಗಳು 11 ಇದ್ದವು. ಕಾರ್ಯಕ್ರಮಗಳಲ್ಲಿ ಕೊಟ್ಟಿದ್ದು, ಚೆನ್ನಾಗಿದೆ ಅಂತ ತಂದಿದ್ದು, ಮರೆತು ಹೊರಟಾಗ ಕೊಂಡಿದ್ದು. ಎರಡು ಚೀಲದ ಮಡಿಕೆ ಬಿಚ್ಚಿಯೇ ಇರಲಿಲ್ಲ. ಹಿಡಿಯ ಹೊಲಿಗೆಯಲ್ಲಿ ಒಂದು ಎಳೆಯೂ ಸವೆದಿರಲಿಲ್ಲ.

ಸಾಲ ಇರುವುದು ಚೀಲದ ತಲೆಯ ಮೇಲೆ. ನಾವು ಎಷ್ಟು ಸಲ ಹೊರಗೆ ಹೋದೆವು ಅನ್ನುವುದನ್ನು ಚೀಲಗಳ ನಡುವೆ ಹಂಚಬೇಕು. ನಮ್ಮದು ವಾರಕ್ಕೆ ಎರಡು ಸಲ, ಅಂದರೆ ವರ್ಷಕ್ಕೆ 104 ಸಲ. ಪ್ರತಿ ಸಲ ಒಂದು ಚೀಲ.

ಒಂದೇ ಚೀಲ ಇದ್ದರೆ 131ನ್ನು 104ರಿಂದ ಭಾಗಿಸಿ. ಸುಮಾರು ಒಂದು ವರ್ಷ ಮೂರು ತಿಂಗಳು. ಅಷ್ಟರಲ್ಲಿ ಸಾಲ ತೀರಿತು.

11 ಚೀಲ ಇದ್ದರೆ ಒಟ್ಟು ಸಾಲ 11 ಗುಣಿಸು 131, ಅಂದರೆ 1,441. ಅದನ್ನು 104ರಿಂದ ಭಾಗಿಸಿದರೆ ಹೆಚ್ಚುಕಡಿಮೆ 14 ವರ್ಷ!

ಅದೇ ಮನೆ, ಅದೇ ಅಭ್ಯಾಸ, ಅಷ್ಟೇ ಓಡಾಟ. ಬದಲಾದದ್ದು ಡ್ರಾಯರ್‌ನಲ್ಲಿರುವ ಚೀಲಗಳ ಸಂಖ್ಯೆ ಒಂದೇ. ಇದನ್ನು ನಾನು ಹೀಗೆ ಬಾಯಿಪಾಠ ಮಾಡಿಕೊಂಡಿದ್ದೇನೆ: ಸಾಲ ಭಾಗ ಸಲ. ಮೇಲೆ ಸಾಲ, ಕೆಳಗೆ ಸಲ. ವಸ್ತುವಿನ ಸಾಲವನ್ನು ಬಳಸಿದ ಸಲಗಳಿಂದ ಭಾಗಿಸಿದರೆ ಒಂದು ಸಲಕ್ಕೆ ಬೀಳುವ ಹೊರೆ ಸಿಗುತ್ತದೆ. ಒಂದು ದೀರ್ಘಾಕ್ಷರದ ವ್ಯತ್ಯಾಸ, ಆದ್ದರಿಂದ ಮರೆಯುವುದಿಲ್ಲ.

ಎರಡನೇ ತಪ್ಪು. ಹಾಗಾದರೆ ಹತ್ತು ಚೀಲ ಬಿಸಾಕಿ ಒಂದನ್ನೇ ಇಟ್ಟುಕೊಳ್ಳಲೇ? ಬೇಡ. ಸಾಲ ಹುಟ್ಟಿದ್ದು ಚೀಲ ತಯಾರಾದಾಗ. ಬಿಸಾಕಿದರೆ ಕಟ್ಟದ ಕಂತು ಹಾಗೇ ಉಳಿಯುತ್ತದೆ. ಇರುವುದನ್ನು ಬಳಸಿದರೆ ಹೊಸ ಸಾಲ ಇಲ್ಲ. ಹನ್ನೆರಡನೆಯದನ್ನು ತಂದರೆ ಹೊಸ ಸಾಲ. ನಾವು ಎರಡನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆವು. ಉಳಿದವನ್ನು ಚೀಲವೇ ಇಲ್ಲದ ಮನೆಗಳಿಗೆ ಕೊಟ್ಟೆವು. ಅಲ್ಲಾದರೂ ಕಂತು ತೀರಲಿ.

ಇದೇ ಮಾತು ಮನೆಯ ಹಳೆ ಪ್ಲಾಸ್ಟಿಕ್‌ಗೂ ಸಲ್ಲುತ್ತದೆ. ನಮ್ಮ ಅತ್ತೆಯ ಹತ್ತಿರ ಮುಚ್ಚಳ ಮಾಸಿದ ಒಂದು ಪ್ಲಾಸ್ಟಿಕ್ ಡಬ್ಬವಿದೆ. ಗುಂಡಿ, ದಾರ, ಸೂಜಿ ಎಲ್ಲ ಅದರಲ್ಲೇ. ಪ್ಲಾಸ್ಟಿಕ್ ಬಿಡುವ ಉತ್ಸಾಹದಲ್ಲಿ ಅದನ್ನು ಎಸೆದು ಸ್ಟೀಲಿನದು ತರೋಣ ಅಂದಿದ್ದೆ. "ಇದಕ್ಕೇನಾಗಿದೆಯಮ್ಮ?" ಅಂದರು. ಅವರ ಪ್ರಶ್ನೆಯೇ ಸರಿ. ಗಟ್ಟಿಯಾಗಿರುವ ಡಬ್ಬವನ್ನು ಎಸೆದರೆ ಒಂದು ಕಸ ಹುಟ್ಟುತ್ತದೆ, ಒಂದು ಹೊಸ ಸಾಲವೂ ಹುಟ್ಟುತ್ತದೆ.

ಮೂರನೇ ತಪ್ಪೇ ದೊಡ್ಡದು. 131 ಅನ್ನುವುದು ಯಾವ ಅಳತೆಗೋಲಿನದು ಅಂತ ನಾನು ನೋಡಿರಲಿಲ್ಲ. ಅದು ಹವಾಮಾನದ ಗೋಲು, ಭೂಮಿ ಬಿಸಿಯಾಗುವ ಲೆಕ್ಕ. ಡೆನ್ಮಾರ್ಕಿನ ಪರಿಸರ ಇಲಾಖೆಯ 2018ರ ವರದಿಯಲ್ಲಿ ಬೇರೆ ಥರದ ಪ್ಲಾಸ್ಟಿಕ್ ಚೀಲದ ಜೊತೆ ಹೋಲಿಸಿದ್ದಾರೆ. ಅಲ್ಲಿ ಹತ್ತಿ ಚೀಲಕ್ಕೆ ಹವಾಮಾನದ ಗೋಲಿನಲ್ಲಿ 52 ಸಲ. ನೀರಿನ ಬಳಕೆ, ಓಜೋನ್ ಪದರದ ಹಾನಿ ಹೀಗೆ ಆ ವರದಿಯ ಎಲ್ಲ ಗೋಲುಗಳಲ್ಲೂ ಗೆಲ್ಲಬೇಕು ಅಂದರೆ 7,100 ಸಲ! ಈ ಸಂಖ್ಯೆ ನೋಡಿ ಎಷ್ಟೋ ಜನ "ಹಾಗಾದರೆ ಪ್ಲಾಸ್ಟಿಕ್ಕೇ ವಾಸಿ" ಅಂದುಬಿಡುತ್ತಾರೆ. ನಾನೂ ಒಂದು ದಿನ ಹಾಗೇ ಅಂದುಕೊಂಡೆ. ಆದರೆ ಬೀದಿಗೆ, ಚರಂಡಿಗೆ, ಸಮುದ್ರಕ್ಕೆ ಸೇರಿದ ಚೀಲ ಮಾಡುವ ಹಾನಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಚರಂಡಿ ಕಟ್ಟಿಕೊಳ್ಳುವಂತೆ ಮಾಡುವ ಕ್ಯಾರಿಬ್ಯಾಗ್, ಪ್ರಾಣಿಯ ಹೊಟ್ಟೆ ಸೇರುವ ಕ್ಯಾರಿಬ್ಯಾಗ್, ಚೂರುಚೂರಾಗಿ ಮಣ್ಣಲ್ಲೇ ಉಳಿಯುವ ಕ್ಯಾರಿಬ್ಯಾಗ್, ಯಾವುದೂ ಆ ಗೋಲುಗಳಿಗೆ ಸಿಗುವುದಿಲ್ಲ. ಹತ್ತಿ ಮಣ್ಣಲ್ಲಿ ಕೊಳೆಯುತ್ತದೆ. ಕ್ಯಾರಿಬ್ಯಾಗ್ ಕೊಳೆಯುವುದಿಲ್ಲ.

ಹಾಗಾಗಿ ಎರಡೂ ಗೋಲು ಕೈಯಲ್ಲಿರಬೇಕು. ಕಸದ ಗೋಲಿನಲ್ಲಿ ಬಟ್ಟೆ ಚೀಲ ಮೊದಲ ದಿನದಿಂದಲೇ ಗೆಲ್ಲುತ್ತದೆ. ಹವಾಮಾನದ ಗೋಲಿನಲ್ಲಿ ಚೀಲಗಳು ಕಡಿಮೆ ಇದ್ದು, ಅವನ್ನೇ ಮತ್ತೆ ಮತ್ತೆ ಬಳಸಿದರೆ ಮಾತ್ರ ಗೆಲ್ಲುತ್ತದೆ. ಇನ್ನೊಂದು ಸಣ್ಣ ವಿಷಯ: ಆ 131 ಬಂದದ್ದು ಒಂದೇ ಸಲ ಬಳಸಿ ಬಿಸಾಕುವ ಕ್ಯಾರಿಬ್ಯಾಗ್ ಜೊತೆ ಹೋಲಿಸಿ. ಅದನ್ನೂ ಮೂರು ಸಲ ಬಳಸುವವರಿದ್ದರೆ 131 ಮೂರುಪಟ್ಟಾಗಿ 393 ಆಗುತ್ತದೆ. ಈಗಾಗಲೇ ಮನೆಗೆ ಬಂದ ಕ್ಯಾರಿಬ್ಯಾಗನ್ನು ಹರಿಯುವವರೆಗೂ ಬಳಸಿ ಅನ್ನುವುದಕ್ಕೆ ಇದೇ ಕಾರಣ.

ತ್ರಿಕೋನದ ಸಂಖ್ಯೆ, ತೇಲುವ ಮುಚ್ಚಳ

ಡಬ್ಬದ ತಳದಲ್ಲಿ ತ್ರಿಕೋನ, ಅದರೊಳಗೆ 1ರಿಂದ 7ರವರೆಗಿನ ಒಂದು ಸಂಖ್ಯೆ ಇರುತ್ತದೆ. ಅದು "ರೀಸೈಕಲ್ ಆಗುತ್ತದೆ" ಅನ್ನುವ ಭರವಸೆ ಅಲ್ಲ. ಯಾವ ಜಾತಿಯ ಪ್ಲಾಸ್ಟಿಕ್ ಅನ್ನುವುದಷ್ಟೇ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಇದನ್ನು ತಂದಿತು. ಬಾಣಗಳು ಸುತ್ತುವ ತ್ರಿಕೋನ ಜನರಿಗೆ ಗೊಂದಲ ಮಾಡುತ್ತಿದೆ ಅಂತ 2013ರಲ್ಲಿ ಬಾಣ ತೆಗೆದು ಬರೀ ತ್ರಿಕೋನ ಮಾಡಿದರು. ಹಳೆಯ ಗುರುತು ಇನ್ನೂ ಎಲ್ಲೆಡೆ ಕಾಣುತ್ತದೆ.

1 ಪೆಟ್, ನೀರಿನ ಬಾಟಲಿ. 2 ಎಚ್‌ಡಿಪಿಇ, ಗಟ್ಟಿ ಶಾಂಪೂ ಬಾಟಲಿ. 3 ಪಿವಿಸಿ. 4 ಎಲ್‌ಡಿಪಿಇ, ಮೆತ್ತಗಿನ ಚೀಲ. 5 ಪಾಲಿಪ್ರೊಪಿಲೀನ್, ಮುಚ್ಚಳ ಮತ್ತು ಡಬ್ಬ. 6 ಪಾಲಿಸ್ಟೈರೀನ್, ಥರ್ಮೋಕೋಲ್ ಇದರದ್ದೇ. 7 ಉಳಿದದ್ದೆಲ್ಲ. ಗಟ್ಟಿಯಾದ 1 ಮತ್ತು 2ಕ್ಕೆ ಸಾಮಾನ್ಯವಾಗಿ ಕೊಳ್ಳುವವರು ಇರುತ್ತಾರೆ. 3, 6, 7 ಮನೆಗೆ ಬರದಿದ್ದರೇ ಒಳ್ಳೆಯದು.

ಸಂಖ್ಯೆ ಅಳಿಸಿಹೋಗಿದ್ದರೆ? ಬಕೆಟ್ ನೀರು ಸಾಕು. ಮಗಳ ಜೊತೆ ಕೂತು ಮಾಡಿದೆ. ನೀರಿನ ಬಾಟಲಿಯಿಂದ ಬೆರಳುಗುರಿನಷ್ಟು ಚೂರು ಕತ್ತರಿಸಿದೆವು. ಅದರದೇ ಮುಚ್ಚಳದಿಂದಲೂ ಒಂದು ಚೂರು. ಎರಡನ್ನೂ ನೀರೊಳಗೆ ಅದುಮಿ ಬಿಟ್ಟೆವು. ಬಾಟಲಿಯ ಚೂರು ಸೀದಾ ತಳ ಸೇರಿತು. ಮುಚ್ಚಳದ್ದು ಮೇಲೆ ಬಂತು. ಒಂದೇ ಬಾಟಲಿ, ಎರಡು ಜಾತಿ! ನೀರಿನ ಸಾಂದ್ರತೆ 1 ಅಂದರೆ ಪೆಟ್‌ನದು ಸುಮಾರು 1.38, ಅದಕ್ಕೇ ಮುಳುಗುತ್ತದೆ. 2, 4, 5 ಮೂರೂ 1ಕ್ಕಿಂತ ಕಡಿಮೆ, ತೇಲುತ್ತವೆ. ರೀಸೈಕಲ್ ಕಾರ್ಖಾನೆಯಲ್ಲೂ ಬಾಟಲಿ ಮತ್ತು ಮುಚ್ಚಳದ ಪುಡಿಯನ್ನು ಹೀಗೇ ನೀರಿನ ತೊಟ್ಟಿಯಲ್ಲಿ ಬೇರ್ಪಡಿಸುತ್ತಾರೆ. ಚೂರಿಗೆ ಗಾಳಿ ಗುಳ್ಳೆ ಅಂಟಿದರೆ ಮುಳುಗಬೇಕಾದದ್ದೂ ತೇಲುತ್ತದೆ. ನೀರಿಗೆ ಒಂದು ತೊಟ್ಟು ಸೋಪಿನ ದ್ರಾವಣ ಹಾಕಿ. ಥರ್ಮೋಕೋಲ್‌ಗೆ ಈ ಪರೀಕ್ಷೆ ಬೇಡ, ಅದರೊಳಗೆ ಬರೀ ಗಾಳಿ.

ಬಿಸಿ, ಬಟ್ಟೆ ಒಗೆಯುವ ನೀರು, "ಬಯೋ" ಚೀಲ

ಇವು ಮೂರೂ ಬೇಗ ಅರ್ಥವಾದವು.

5ನೇ ಜಾತಿ ಬಿಸಿ ತಡೆಯುತ್ತದೆ ಅನ್ನುತ್ತಾರೆ. ಕರಗುವುದಿಲ್ಲ, ನಿಜ. ಆದರೆ ಕರಗದಿದ್ದರೂ ಕಣ ಉದುರುತ್ತದೆ. ಐರ್ಲೆಂಡಿನಲ್ಲಿ 2020ರಲ್ಲಿ ಇದೇ 5ನೇ ಜಾತಿಯ, ಮಗುವಿನ ಹಾಲಿನ ಬಾಟಲಿಗಳ ಮೇಲೆ ನಡೆದ ಅಧ್ಯಯನ ನೋಡಿ. 25 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 6 ಲಕ್ಷ ಕಣ ಇದ್ದದ್ದು 95 ಡಿಗ್ರಿಯಲ್ಲಿ ಸುಮಾರು 5.5 ಕೋಟಿಗೆ ಏರಿತು. ಬಿಸಿ ಪದಾರ್ಥ ಸ್ಟೀಲಿಗೆ ಅಥವಾ ಗಾಜಿಗೆ. ಆರಿದ ಮೇಲೆ ಇರುವ ಡಬ್ಬ ಬಳಸಿಕೊಳ್ಳಿ.

ಪಾಲಿಯೆಸ್ಟರ್, ಅಕ್ರಿಲಿಕ್ ಬಟ್ಟೆಯೂ ಪ್ಲಾಸ್ಟಿಕ್ಕೇ. 2016ರ ಒಂದು ಅಧ್ಯಯನದ ಅಂದಾಜಿನಂತೆ 6 ಕಿಲೋ ಅಕ್ರಿಲಿಕ್ ಬಟ್ಟೆ ಒಮ್ಮೆ ಒಗೆದರೆ 7 ಲಕ್ಷಕ್ಕೂ ಜಾಸ್ತಿ ಎಳೆ ನೀರಿಗೆ ಹೋಗಬಹುದು. ಒಂದೇ ಸಲ ಹಾಕಿಕೊಂಡದ್ದನ್ನೆಲ್ಲ ಸುಮ್ನೆ ಒಗೆಯಬೇಡಿ. ಮಶೀನ್ ತುಂಬ ಹಾಕಿ, ತಣ್ಣೀರಿನಲ್ಲಿ, ಕಡಿಮೆ ಹೊತ್ತು ತಿರುಗಿಸಿ.

"ಬಯೋಡಿಗ್ರೇಡಬಲ್" ಅಂತ ಬರೆದ ಚೀಲ ನೋಡಿದರೆ ಎಲ್ಲಿ, ಎಷ್ಟು ದಿನದಲ್ಲಿ ಅಂತ ಕೇಳಿ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಅಂಥ ಚೀಲವನ್ನು ಮೂರು ವರ್ಷ ಮಣ್ಣಲ್ಲಿ ಹೂತಿಟ್ಟು ತೆಗೆದರು. ಆಗಲೂ ಅದರಲ್ಲಿ ಸಾಮಾನು ಹೊರಬಹುದಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶ ಇದು. "ಕಾಂಪೋಸ್ಟಬಲ್" ಅನ್ನುವುದಕ್ಕೂ ಎಷ್ಟೋ ಸಲ ದೊಡ್ಡ ಘಟಕದ ಸುಮಾರು 58 ಡಿಗ್ರಿ ಬಿಸಿ ಬೇಕು. ಮನೆಯ ಕುಂಡದ ಗೊಬ್ಬರ ಅಷ್ಟು ಹೊತ್ತು ಅಷ್ಟು ಬಿಸಿ ಇರುವುದಿಲ್ಲ.

ಪ್ಯಾಕೆಟ್ ಗುಂಪಿಗೆ ಒಂದು ಉಪಾಯ

ಮೊದಲ ವಾರದ ಕೊನೆಗೆ ನೆಲದ ಮೇಲೆ ಕಂಡ ಆ ದೊಡ್ಡ ಗುಂಪಿಗೆ ವಾಪಸ್ ಬರೋಣ. ಒಳಗೆ ಬೆಳ್ಳಿಯಂತೆ ಹೊಳೆಯುವ ಪ್ಯಾಕೆಟ್‌ನಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಅಂಟಿಕೊಂಡಿರುತ್ತವೆ. ಬಿಡಿಸುವುದು ಕಷ್ಟ, ಅದಕ್ಕೇ ಅದರ ರೀಸೈಕಲ್ ಇಲ್ಲವೆನ್ನುವಷ್ಟು ಕಡಿಮೆ. ಸ್ವಂತ ಡಬ್ಬದಲ್ಲಿ ಬಿಡಿಯಾಗಿ ತರಲು ಆದರೆ ಅದೇ ಉತ್ತಮ. ಆಗದಿದ್ದರೆ ದೊಡ್ಡ ಪ್ಯಾಕ್.

ದೊಡ್ಡದರಿಂದ ಎಷ್ಟು ಉಳಿಯುತ್ತದೆ? ಉದ್ದ, ಅಗಲ, ಎತ್ತರ ಮೂರೂ ಎರಡುಪಟ್ಟಾದರೆ ಒಳಗೆ ಹಿಡಿಯುವುದು 8 ಪಟ್ಟು. ಸುತ್ತುವ ಹಾಳೆ ಮಾತ್ರ 4 ಪಟ್ಟು. ಅಂದರೆ 8 ಚಿಕ್ಕ ಪ್ಯಾಕ್ ಬದಲು ಒಂದು ದೊಡ್ಡದು ತಂದರೆ, ಹಾಳೆಯ ದಪ್ಪ ಅಷ್ಟೇ ಇದ್ದಾಗ, ಪ್ಲಾಸ್ಟಿಕ್ ಅರ್ಧಕ್ಕಿಳಿಯುತ್ತದೆ. ಮಗಳು ನಂಬಲಿಲ್ಲ. ಪೇಪರ್‌ನಲ್ಲಿ 5 ಸೆಂಟಿಮೀಟರಿನ ಒಂದು ಪೆಟ್ಟಿಗೆ, 10 ಸೆಂಟಿಮೀಟರಿನ ಇನ್ನೊಂದು ಪೆಟ್ಟಿಗೆ ಮಾಡಿದಳು. ಚಿಕ್ಕದರಿಂದ ಮರಳು ತುಂಬಿ ತುಂಬಿ ದೊಡ್ಡದಕ್ಕೆ ಸುರಿದಳು. ಸರಿಯಾಗಿ ಎಂಟನೆಯದಕ್ಕೆ ಅಂಚಿಗೆ ಬಂತು. ಕೆಡುವ ಮೊದಲೇ ಮುಗಿಯುವಂಥ ಸಾಮಾನುಗಳನ್ನು ಅವಳೇ ಆರಿಸಿ ಬರೆದಿದ್ದಾಳೆ. ಮುಂದಿನ ತಿಂಗಳು ಅವನ್ನು ದೊಡ್ಡ ಪ್ಯಾಕ್‌ನಲ್ಲೇ ತರುತ್ತೇವೆ.