ತಿಂಗಳುಗಟ್ಟಲೆ ನಿಂತ ಸಣ್ಣ ಎಂಜಿನ್: ಪೆಟ್ರೋಲ್ ಎಲ್ಲಿ ಕೆಡುತ್ತದೆ, ಹೇಗೆ ಸರಿಪಡಿಸುವುದು

ಆರು ತಿಂಗಳು ಮೂಲೆ ಸೇರಿದ್ದ ಜನರೇಟರ್, ನೀರಿನ ಪಂಪ್ ಅಥವಾ ಹುಲ್ಲು ಕತ್ತರಿಸುವ ಯಂತ್ರ ಎಷ್ಟು ಹಗ್ಗ ಎಳೆದರೂ ಚಾಲೂ ಆಗದಿದ್ದಾಗ ಹೆಚ್ಚಿನವರು ಮೊದಲು ಪ್ಲಗ್ ಬದಲಿಸುತ್ತಾರೆ, ಆಮೇಲೆ ಟ್ಯಾಂಕಿಗೆ ಹೊಸ ಪೆಟ್ರೋಲ್ ಸುರಿಯುತ್ತಾರೆ. ಎರಡರಿಂದಲೂ ಪ್ರಯೋಜನವಾಗುವುದು ಅಪರೂಪ. ಸಾಮಾನ್ಯವಾಗಿ ಕೆಟ್ಟಿರುವುದು ಕಾರ್ಬೊರೇಟರಿನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗದ) ಬೌಲಿನಲ್ಲಿ, ಅಂದರೆ ಅದರ ತಳದ ಪುಟ್ಟ ಬಟ್ಟಲಿನಲ್ಲಿ, ಉಳಿದಿದ್ದ ನಾಲ್ಕಾರು ಚಮಚ ಪೆಟ್ರೋಲ್. ಟ್ಯಾಂಕಿನದಕ್ಕಿಂತ ಅದು ಮೊದಲೇ ಯಾಕೆ ಕೆಡುತ್ತದೆ ಎನ್ನುವುದನ್ನು ಹಿಡಿದುಕೊಂಡರೆ ಉಳಿದದ್ದು ಸುಲಭ.

ಬೌಲಿನಲ್ಲಿ ಆಗುವುದೇನು

ಪೆಟ್ರೋಲ್ ಒಂದೇ ವಸ್ತುವಲ್ಲ. ಸುಮಾರು ನಾಲ್ಕರಿಂದ ಹನ್ನೆರಡು ಕಾರ್ಬನ್ ಪರಮಾಣುಗಳಿರುವ ಹಲವಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಹಗುರವಾದವು ಬೇಗ ಆವಿಯಾಗುತ್ತವೆ. ತಣ್ಣಗಿರುವ ಎಂಜಿನ್‌ನಲ್ಲಿ ಕಿಡಿಗೆ ಮೊದಲು ಹೊತ್ತಿಕೊಳ್ಳುವುದೂ ಅವೇ. ಬೌಲಿನೊಳಗೆ ವಾತಾವರಣದ ಒತ್ತಡ ಇಲ್ಲದೆ ಪೆಟ್ರೋಲ್ ಜೆಟ್ (ಅಳತೆಯ ಸಣ್ಣ ರಂಧ್ರವಿರುವ ಬಿಡಿಭಾಗ) ಮೂಲಕ ಮೇಲೇರುವುದಿಲ್ಲ, ಅದಕ್ಕಾಗಿ ಬೌಲಿಗೊಂದು ಗಾಳಿ ರಂಧ್ರ ಕೊಟ್ಟಿರುತ್ತಾರೆ. ಎಂಜಿನ್ ನಿಂತಾಗ ಹಗುರ ಅಂಶ ಹಾರಿಹೋಗುವುದು ಅದೇ ರಂಧ್ರದಿಂದ. ಉಳಿದದ್ದರಲ್ಲಿ ಒಲೆಫಿನ್‌ಗಳೆಂಬ ಸಂಯುಕ್ತಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮೊದಲು ಜಿಗುಟಾಗುತ್ತವೆ, ಆಮೇಲೆ ಕಂದು ಬಣ್ಣದ ಗಟ್ಟಿ ಪದರವಾಗಿ ಲೋಹಕ್ಕೆ ಅಂಟಿಕೊಳ್ಳುತ್ತವೆ.

ಪೆಟ್ರೋಲ್ ಟ್ಯಾಪ್ ತೆರೆದೇ ಬಿಟ್ಟಿದ್ದರೆ ಇನ್ನೂ ಕಷ್ಟ. ಬೌಲಿನಲ್ಲಿ ಮಟ್ಟ ಇಳಿದಂತೆ ಅದರಲ್ಲಿ ತೇಲುವ ಫ್ಲೋಟ್ ಕೆಳಗಿಳಿಯುತ್ತದೆ, ಪೆಟ್ರೋಲ್ ದಾರಿ ಮುಚ್ಚುವ ನೀಡಲ್ ತೆರೆದುಕೊಳ್ಳುತ್ತದೆ, ಟ್ಯಾಂಕಿನಿಂದ ಹೊಸ ಪೆಟ್ರೋಲ್ ಬರುತ್ತದೆ, ಅದೂ ಆರುತ್ತದೆ. ಹೀಗೆ ನಡೆಯುತ್ತಾ ಹೋದರೆ ಹಲವು ಬೌಲ್ ಪೆಟ್ರೋಲಿನ ಅಂಟು ಒಂದೇ ಬೌಲಿನ ತಳದಲ್ಲಿ ಕೂಡಿಬೀಳುತ್ತದೆ. ಯಂತ್ರ ನಿಲ್ಲಿಸಿದ ತಕ್ಷಣ ಟ್ಯಾಪ್ ಮುಚ್ಚುವುದು ಇಡೀ ವಿಷಯದಲ್ಲಿ ಅತ್ಯಂತ ಅಗ್ಗದ ರಕ್ಷಣೆ.

ಇಷ್ಟು ತೆಳುವಾದ ಅಂಟಿನಿಂದ ಎಂಜಿನ್ ನಿಲ್ಲುತ್ತದೆಯೇ? ಲೆಕ್ಕ ಹಾಕಿ ನೋಡಿ. ಐಡಲ್ ಜೆಟ್ಟಿನ (ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಕೊಡುವ ಜೆಟ್) ರಂಧ್ರ 0.4 ಮಿ.ಮೀ. ಎಂದುಕೊಳ್ಳೋಣ. ಒಳಗೋಡೆಗೆ ಸುತ್ತಲೂ 0.05 ಮಿ.ಮೀ. ಪದರ, ಅಂದರೆ ತಲೆಗೂದಲಿನಷ್ಟು ತೆಳ್ಳಗೆ, ಕಟ್ಟಿದರೆ ವ್ಯಾಸ 0.3 ಆಗುತ್ತದೆ. ರಂಧ್ರದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 0.09 ಭಾಗಿಸು 0.16, ಉಳಿಯುವುದು ಶೇ. 56. ಕಣ್ಣಿಗೆ ರಂಧ್ರ ತೆರೆದೇ ಕಾಣುತ್ತದೆ, ಬೆಳಕೂ ತೂರುತ್ತದೆ, ಆದರೆ ದಾರಿ ಅರ್ಧದಷ್ಟು ಕಿರಿದಾಗಿದೆ. "ಜೆಟ್ ನೋಡಿದೆ, ಚೆನ್ನಾಗಿದೆ" ಎಂದು ಹಾಗೆಯೇ ಜೋಡಿಸಿ ಮತ್ತೆ ಬಿಚ್ಚಬೇಕಾಗುವುದು ಇದೇ ಕಾರಣಕ್ಕೆ.

ಎಥನಾಲ್ ಸೇರಿದ ಪೆಟ್ರೋಲ್

ಎಥನಾಲ್ ನೀರನ್ನು ಹೀರುತ್ತದೆ. ಶೇ. 10 ಎಥನಾಲ್ ಇರುವ ಪೆಟ್ರೋಲ್ ಸಾಮಾನ್ಯ ಉಷ್ಣತೆಯಲ್ಲಿ ಸುಮಾರು ಶೇ. 0.5ರಷ್ಟು, ಅಂದರೆ ಲೀಟರಿಗೆ ಹೆಚ್ಚುಕಡಿಮೆ 5 ಮಿ.ಲೀ. ನೀರನ್ನು ಕರಗಿಸಿಟ್ಟುಕೊಳ್ಳಬಲ್ಲದು. ಅದನ್ನು ಮೀರಿದರೆ, ಅಥವಾ ಚಳಿಗೆ ಈ ಶಕ್ತಿ ಕುಗ್ಗಿದರೆ, ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಕೊಳವೆ ಶುರುವಾಗುವುದೂ ತಳದಿಂದಲೇ, ಹಾಗಾಗಿ ಕಾರ್ಬೊರೇಟರಿಗೆ ಮೊದಲು ಬರುವುದು ಈ ನೀರು ಬೆರೆತ ಪದರ. ಅದರಲ್ಲಿ ಎಂಜಿನ್ ಓಡುವುದಿಲ್ಲ. ಅಲ್ಯೂಮಿನಿಯಂ ಬೌಲಿನಲ್ಲಿ ಬಿಳಿ ಪುಡಿ, ಉಕ್ಕಿನ ಟ್ಯಾಂಕಿನಲ್ಲಿ ತುಕ್ಕು ಹುಟ್ಟಿಸುತ್ತದೆ. ಮೇಲಿನ ಪದರವೂ ಎಥನಾಲ್ ಕಳೆದುಕೊಂಡು ಆಕ್ಟೇನ್‌ನಲ್ಲಿ (ಅಕಾಲದಲ್ಲಿ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣದಲ್ಲಿ) ಇಳಿದಿರುತ್ತದೆ. ಒಮ್ಮೆ ಬೇರ್ಪಟ್ಟಿದ್ದನ್ನು ಕಲಕಿಯೋ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ದ್ರಾವಣ) ಹಾಕಿಯೋ ಸರಿಮಾಡಲಾಗದು.

ಪರೀಕ್ಷೆ ಸರಳ: ಟ್ಯಾಂಕಿನ ತಳದಿಂದ ಒಂದು ಲೋಟದಷ್ಟನ್ನು ಪಾರದರ್ಶಕ ಗಾಜಿನ ಬಾಟಲಿಗೆ ಇಳಿಸಿ, ಒಂದು ಗಂಟೆ ಅಲುಗಿಸದೆ ಬಿಡಿ. ತಳದಲ್ಲಿ ಗೆರೆ ಎಳೆದಂತೆ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಗೆರೆ ಇಲ್ಲದಿದ್ದರೂ ಬಣ್ಣ ಕಂದಾಗಿ, ಹುಳಿ ಬೆರೆತ ಬಣ್ಣದ ಡಬ್ಬಿಯಂತಹ ವಾಸನೆ ಬಂದರೆ ಅದೂ ಬೇಡ.

ಎತ್ತಿಡುವ ಮೊದಲು

ತಿಂಗಳೊಳಗೆ ಮತ್ತೆ ಬಳಸುವಂತಿದ್ದರೆ ಟ್ಯಾಪ್ ಮುಚ್ಚಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ದಾರಿ ಎರಡು: ಪೂರ್ತಿ ಖಾಲಿ ಮಾಡುವುದು, ಇಲ್ಲವೇ ಸ್ಟೆಬಿಲೈಸರ್ ಬೆರೆಸಿದ ಹೊಸ ಪೆಟ್ರೋಲಿನಿಂದ ಟ್ಯಾಂಕ್ ತುಂಬಿಸುವುದು. ಅರ್ಧ ಟ್ಯಾಂಕ್ ಬಿಡುವುದು ಎರಡಕ್ಕಿಂತಲೂ ಕೆಟ್ಟದು, ಮೇಲಿನ ಗಾಳಿಯ ತೇವ ಒಳಗೋಡೆಯಲ್ಲಿ ಹನಿಗಟ್ಟುತ್ತದೆ.

ಬೌಲ್ ಇರುವ ಎಂಜಿನ್‌ಗೆ ಖಾಲಿ ಮಾಡುವುದೇ ನಂಬಬಹುದಾದ ದಾರಿ. ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಹೆಚ್ಚಿನವರು ಇಲ್ಲಿಗೇ ಬಿಡುತ್ತಾರೆ, ಆದರೆ ಎಂಜಿನ್ ನಿಂತರೂ ಜೆಟ್ಟಿನ ಮಟ್ಟಕ್ಕಿಂತ ಕೆಳಗಿನ ಪೆಟ್ರೋಲ್ ಬೌಲಿನಲ್ಲೇ ಇರುತ್ತದೆ. ಬೌಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಆ ಉಳಿಕೆಯನ್ನೂ ಇಳಿಸಬೇಕು.

ಸ್ಟೆಬಿಲೈಸರ್ ಆಯ್ದರೆ ಡಬ್ಬಿಯ ಮೇಲಿನ ಪ್ರಮಾಣವನ್ನೇ ಅನುಸರಿಸಿ, ಹೊಸ ಪೆಟ್ರೋಲಿಗೇ ಬೆರೆಸಿ, ಆಮೇಲೆ 10 ನಿಮಿಷ ಓಡಿಸಿ. ಓಡಿಸದಿದ್ದರೆ ಔಷಧಿ ಟ್ಯಾಂಕಿನಲ್ಲೇ ಉಳಿದು ಬೌಲಿನಲ್ಲಿ ಹಳೆಯದೇ ಇರುತ್ತದೆ. ಸ್ಟೆಬಿಲೈಸರ್ ಆಕ್ಸಿಡೀಕರಣವನ್ನು (ಆಮ್ಲಜನಕದೊಂದಿಗೆ ಸೇರುವುದನ್ನು) ನಿಧಾನಗೊಳಿಸುತ್ತದೆ ಅಷ್ಟೇ, ಕೆಟ್ಟ ಪೆಟ್ರೋಲನ್ನು ಬದುಕಿಸುವುದಿಲ್ಲ.

ಜೊತೆಗೆ ಪ್ಲಗ್ ಬಿಚ್ಚಿ ಸಿಲಿಂಡರಿಗೆ 5 ಮಿ.ಲೀ.ನಷ್ಟು ಎಂಜಿನ್ ಆಯಿಲ್ ಬಿಟ್ಟು, ಎರಡು ಮೂರು ಸಲ ಮೆಲ್ಲಗೆ ಹಗ್ಗ ಎಳೆದು, ಪ್ಲಗ್ ಹಾಕಿ. ಕೊನೆಗೆ ಹಗ್ಗ ಬಿಗಿಯಾಗುವ ಜಾಗದಲ್ಲಿ ನಿಲ್ಲಿಸಿ. ಆಗ ಫೋರ್ ಸ್ಟ್ರೋಕ್‌ನ ಎರಡೂ ವಾಲ್ವ್ ಮುಚ್ಚಿದ್ದು ತೇವ ಒಳಹೋಗುವುದಿಲ್ಲ.

ಈಗಾಗಲೇ ಕೆಟ್ಟಿದ್ದರೆ

ಬಯಲಿನಲ್ಲಿ, ಬೆಂಕಿ ಕಿಡಿಯಿಂದ ದೂರ ಕೆಲಸ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯವರೆಗೂ ಹೋಗುತ್ತದೆ.

ಬಿಚ್ಚುವ ಮೊದಲು ಕಾರಣ ಖಚಿತಪಡಿಸಿಕೊಳ್ಳಿ. ಪ್ಲಗ್ ಬಿಚ್ಚಿ, ರಂಧ್ರದೊಳಗೆ 2 ಮಿ.ಲೀ. ಹೊಸ ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು, ವೈರ್ ಹಾಕಿ ಹಗ್ಗ ಎಳೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿಯೂ ಕಂಪ್ರೆಷನ್ನೂ (ಸಿಲಿಂಡರಿನ ಒತ್ತಡವೂ) ಸರಿಯಾಗಿವೆ, ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ಚೋಕ್ ಎಳೆದಾಗ ಮಾತ್ರ ಓಡುತ್ತಿದ್ದರೆ, ಅಥವಾ ವೇಗ ಏರುತ್ತಾ ಇಳಿಯುತ್ತಾ ಉಯ್ಯಾಲೆಯಾಡುತ್ತಿದ್ದರೆ ಜೆಟ್ ಅರೆಕಟ್ಟಿದೆ: ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ವೇಗ ಬೀಳುತ್ತದೆ, ವೇಗ ಕಾಯುವ ಗವರ್ನರ್ ಥ್ರಾಟಲ್ ತೆರೆಯುತ್ತದೆ, ಮತ್ತೆ ಏರುತ್ತದೆ. ಗವರ್ನರ್ ಸ್ಪ್ರಿಂಗ್ ಮುಟ್ಟಬೇಡಿ, ತಪ್ಪು ಅದರದ್ದಲ್ಲ. ನಾಲ್ಕೈದು ನಿಮಿಷ ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದರೆ ಮತ್ತೆ ಓಡಿದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಕಾರ್ಬೊರೇಟರ್ ಬಿಚ್ಚುವ ಅಗತ್ಯವೇ ಇಲ್ಲ.

ಜೆಟ್ ತೊಳೆಯಲು: ಟ್ಯಾಪ್ ಮುಚ್ಚಿ, ಪ್ಲಗ್ ವೈರ್ ಕಳಚಿ, ಕೆಳಗೆ ತಟ್ಟೆ ಇಟ್ಟು ಬೌಲಿನ ಬೋಲ್ಟ್ ಬಿಚ್ಚಿ. ಕೆಲವು ಎಂಜಿನ್‌ಗಳಲ್ಲಿ ಆ ಬೋಲ್ಟ್‌ನಲ್ಲೇ ಜೆಟ್ಟಿನ ರಂಧ್ರ ಇರುತ್ತದೆ, ಅದನ್ನೂ ನೋಡಿ. ಪಿನ್ ಎಳೆದು ಫ್ಲೋಟ್ ಮತ್ತು ನೀಡಲ್ ತೆಗೆಯಿರಿ. ಮೇನ್ ಜೆಟ್ ಹಿತ್ತಾಳೆಯದು, ಬಹಳ ಮೆದು. ಅದರ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಅದರ ಹಿಂದೆ ಅಡ್ಡ ರಂಧ್ರಗಳ ಎಮಲ್ಷನ್ ಟ್ಯೂಬ್ ಇದ್ದರೆ ಅದನ್ನೂ ಇಳಿಸಿ, ಆ ಸಣ್ಣ ರಂಧ್ರಗಳನ್ನು ಮರೆಯುವವರೇ ಹೆಚ್ಚು. ಮಿಕ್ಸ್ಚರ್ ಸ್ಕ್ರೂ (ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ತಿರುಪು) ತೆಗೆಯುವ ಮುನ್ನ, ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿನಲ್ಲಿ ಕೂರುತ್ತದೆಂದು ಎಣಿಸಿ ಬರೆದಿಡಿ.

ರಬ್ಬರ್ ಭಾಗಗಳನ್ನೆಲ್ಲ ತೆಗೆದ ಮೇಲೆಯೇ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ. ಅದು ಓ-ರಿಂಗನ್ನು ಉಬ್ಬಿಸುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಒಂದು ರಂಧ್ರಕ್ಕೆ ಹೊಡೆದದ್ದು ಇನ್ನೊಂದರಿಂದ ಮುಖಕ್ಕೇ ಚಿಮ್ಮುತ್ತದೆ. ಕಟ್ಟಿದ ಜೆಟ್ಟಿಗೆ ವಿದ್ಯುತ್ ತಂತಿಯ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಸೂಜಿಯಾಗಲಿ ಉಕ್ಕಿನ ತಂತಿಯಾಗಲಿ ಬೇಡ, ರಂಧ್ರ ಹಿಗ್ಗಿದರೆ ಆ ಜೆಟ್ ಶಾಶ್ವತವಾಗಿ ಹಾಳು. ಕೊನೆಗೆ ಪ್ರತಿ ದಾರಿಗೂ ಗಾಳಿ ಹೊಡೆಯಿರಿ.

ಜೋಡಿಸುವಾಗ ನೀಡಲಿನ ತುದಿಯನ್ನು ಉಗುರಿನಿಂದ ಸವರಿ ನೋಡಿ. ಸುತ್ತ ಗೆರೆ ಸಿಕ್ಕರೆ ಬದಲಿಸಿ, ಇಲ್ಲದಿದ್ದರೆ ಪೆಟ್ರೋಲ್ ಉಕ್ಕಿ ಸಿಲಿಂಡರ್ ಮೂಲಕ ಆಯಿಲಿಗೆ ಸೇರುತ್ತದೆ. ಹಾಗಾಗಿ ಹಗ್ಗ ಎಳೆಯುವ ಮುನ್ನ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತೆಗೆಯಿರಿ: ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸದೆ ಎಂಜಿನ್ ಓಡಿಸಬಾರದು. ತೆಳುವಾದ ಆಯಿಲ್ ಬೇರಿಂಗನ್ನು ತಿಂದುಹಾಕುತ್ತದೆ.

ಚೈನ್ ಸಾ, ಬ್ರಷ್ ಕಟರ್‌ಗಳಲ್ಲಿ ಬೌಲ್ ಇರುವುದಿಲ್ಲ, ಡಯಾಫ್ರಂ ಎಂಬ ತೆಳು ಪೊರೆ ಇರುತ್ತದೆ. ಹಳೆಯದಾದಾಗ ಅದು ಕಾಗದದಂತೆ ಗಡುಸಾಗುತ್ತದೆ. ಬೆರಳಿನಿಂದ ಒತ್ತಿದಾಗ ಸದ್ದು ಮಾಡಿದರೆ ತೊಳೆದು ಪ್ರಯೋಜನವಿಲ್ಲ, ಹೊಸ ಡಯಾಫ್ರಂ ಇರುವ ಕಿಟ್ ಹಾಕಬೇಕು. ಟ್ಯಾಂಕಿನೊಳಗಿನ ಕೊಳವೆ ಮತ್ತು ಫಿಲ್ಟರನ್ನೂ ಕೊಕ್ಕೆಯಿಂದ ಹೊರಗೆಳೆದು ಪರೀಕ್ಷಿಸಿ. ಆಮೇಲೆ ತುಂಬುವುದು ಅಂದೇ ಬೆರೆಸಿದ ಮಿಶ್ರಣವಾಗಿರಲಿ: ಯಂತ್ರ 50:1 ಕೇಳಿದರೆ ಲೀಟರಿಗೆ 20 ಮಿ.ಲೀ. ಟು ಸ್ಟ್ರೋಕ್ ಆಯಿಲ್, 25:1 ಕೇಳಿದರೆ 40 ಮಿ.ಲೀ.